ಆಂಪ್ಲಿಫೈಯರ್ ಮೇಲೆ ಕುಳಿತ ಅಪರಾಧ

1969ರ ಜನವರಿಯಲ್ಲಿ, ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋದಲ್ಲಿ, ಪಾಲ್ ಮೆಕಾರ್ಟ್ನಿ ತಮಾಷೆಗೆಂದು ಒಂದು ಮಾತು ಆಡಿದರು. ಜಾರ್ಜ್ ಹ್ಯಾರಿಸನ್ ಬೇಸತ್ತು ಆಗಲೇ ಮನೆಗೆ ಹೋಗಿದ್ದರು. ಪಾಲ್, ಜಾರ್ಜ್, ಜಾನ್ ಲೆನ್ನನ್, ರಿಂಗೋ ಸ್ಟಾರ್ ಈ ನಾಲ್ವರ ಬೀಟಲ್ಸ್ ಎಂಬ ಜಗತ್ಪ್ರಸಿದ್ಧ ಸಂಗೀತ ತಂಡ ಉಳಿಯುತ್ತದೆಯೋ ಇಲ್ಲವೋ ಎಂದು ಒಳಗಿದ್ದವರಿಗೇ ಗೊತ್ತಿರಲಿಲ್ಲ. ಇನ್ನು ಐವತ್ತು ವರ್ಷ ಕಳೆದ ಮೇಲೆ, ಜಾನ್ ಅವರ ಜೊತೆಗಾತಿ ಯೋಕೊ ಆಂಪ್ಲಿಫೈಯರ್ ಮೇಲೆ ಕುಳಿತದ್ದರಿಂದ ಇವರು ಒಡೆದುಹೋದರು ಎಂದು ಜನ ಹೇಳಿಕೊಂಡರೆ ಎಂಥ ನಗೆಪಾಟಲು ಎಂಬುದು ಅವರ ಮಾತಿನ ಸಾರ. ಈ ಭವಿಷ್ಯವಾಣಿ ಅರ್ಧ ಮಾತ್ರ ಫಲಿಸಿತು. ಜನ ಹೇಳಿಕೊಂಡರು, ನಗಲಿಲ್ಲ.

ಬೀಟಲ್ಸನ್ನು ಒಡೆದಳೆಂದು ಯೋಕೊ ಓನೊ ಮೇಲೆ ಲೋಕ ಹೂಡಿದ ಮೊಕದ್ದಮೆಯಷ್ಟು ಬೇಗ ಇತ್ಯರ್ಥವಾದ ಮೊಕದ್ದಮೆ ಲೋಕದಲ್ಲಿ ಇನ್ನೊಂದಿರಲಾರದು. ಅದರಲ್ಲಿ ತೀರ್ಪು ಮೊದಲು ಬಂತು, ಸಾಕ್ಷಿ ಹುಡುಕುವ ಕೆಲಸ ಆಮೇಲೆ ಶುರುವಾಯಿತು, ಸಿಕ್ಕ ಸಾಕ್ಷಿಗಳೆಲ್ಲ ಆಪಾದಿತಳ ಪರವಾಗಿಯೇ ಇದ್ದುದರಿಂದ ಅವನ್ನು ಬಿಚ್ಚಿ ನೋಡದೆ ಕಡತಕ್ಕೆ ಸೇರಿಸಲಾಯಿತು. ಅಣ್ಣತಮ್ಮಂದಿರು ಹತ್ತು ವರ್ಷದಿಂದ ಬದುವಿಗೆ, ಬಾವಿಗೆ, ಹುಣಸೆಮರಕ್ಕೆ ಕಚ್ಚಾಡಿಕೊಂಡು ಕೊನೆಗೊಂದು ದಿನ ಪಾಲಾದರೆ, ಊರಿನ ಜಗಲಿಯ ಮೇಲೆ ಕೂತವರು ಕಂದಾಯದ ಕಾಗದ ನೋಡುವುದಿಲ್ಲ. ಕೊನೆಗೆ ಮನೆಗೆ ಬಂದ ಸೊಸೆ ಯಾರು ಎಂದಷ್ಟೇ ಕೇಳುತ್ತಾರೆ. ಲಿವರ್‌ಪೂಲಿನ ಮನೆಗೆ ಕೊನೆಯಲ್ಲಿ ಬಂದವಳು ಜಪಾನಿನವಳು, ಗಂಡನಿಗಿಂತ ಏಳು ವರ್ಷ ದೊಡ್ಡವಳು, ಮೇಲಾಗಿ ಬಾಯಿ ತೆರೆದರೆ ಹಾಡಿನ ಬದಲು ಕಿರುಚುವವಳು. ಇನ್ನೇನು ಬೇಕು?

ಕಡತದ ಒಳಗೆ ಏನಿದೆ ಎಂದು ನೋಡುವ ಕೆಟ್ಟ ಕುತೂಹಲ ಇದ್ದವರಿಗಾಗಿ ಹೇಳುವುದಾದರೆ, ತಂಡದ ಲೆಕ್ಕಪತ್ರ ಮತ್ತು ಮರ್ಯಾದೆ ಎರಡನ್ನೂ ಕಾಯುತ್ತಿದ್ದ ಬ್ರಯಾನ್ ಎಪ್‌ಸ್ಟೀನ್ 1967ರ ಆಗಸ್ಟಿನಲ್ಲಿ ತೀರಿಕೊಂಡರು. 1968ರ ಆಗಸ್ಟಿನಲ್ಲಿ ರಿಂಗೋ ಸ್ಟಾರ್ ಮುನಿಸಿಕೊಂಡು ಬಿಟ್ಟುಹೋಗಿ, ಸುಮಾರು ಎರಡು ವಾರದ ಮೇಲೆ ತಿರುಗಿ ಬಂದರು. 1969ರ ಜನವರಿಯಲ್ಲಿ ಜಾರ್ಜ್ ಹೋದರು, ಬಂದರು. ಹಣಕಾಸು ನೋಡಿಕೊಳ್ಳಲು ಮೂವರು ಅಲೆನ್ ಕ್ಲೈನ್ ಎಂಬ ಅಮೆರಿಕದ ವ್ಯವಸ್ಥಾಪಕ ಬೇಕೆಂದರು, ಪಾಲ್ ತಮ್ಮ ಹೆಂಡತಿಯ ತವರಿನವರು ಬೇಕೆಂದರು. ಇನ್ನು ನಾನು ಇರುವುದಿಲ್ಲ ಎಂದು ಜಾನ್ ಲೆನ್ನನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಳಗೊಳಗೇ ಹೇಳಿದರು. 1970ರ ಏಪ್ರಿಲಿನಲ್ಲಿ ಪಾಲ್ ಅದನ್ನು ಊರಿಗೆಲ್ಲ ಹೇಳಿದರು. ಆ ವರ್ಷದ ಡಿಸೆಂಬರ್ 31ರಂದು, ಬೇರೆಯವರು ಹೊಸ ವರ್ಷದ ಬಾಟಲಿ ಬಿಚ್ಚುವ ಹೊತ್ತಿನಲ್ಲಿ, ಉಳಿದ ಮೂವರ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೋತಿಗಳು ನಾಲ್ಕಾದುದರಿಂದ ಒರೆಸುವುದಕ್ಕೆ ಮೊಸರೂ ಧಾರಾಳವಾಗಿತ್ತು.

ಭಾರತೀಯರಾದ ನಮ್ಮ ಬಳಿ ಇನ್ನೂ ಒಳ್ಳೆಯ ಸಾಕ್ಷಿಯಿದೆ. 1968ರಲ್ಲಿ ಈ ನಾಲ್ವರು ಮನಶ್ಶಾಂತಿ ಹುಡುಕಿಕೊಂಡು ಋಷಿಕೇಶದ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದರು. ಯೋಕೊ ಬರಲಿಲ್ಲ; ಆಕೆಯಿಂದ ಬಂದದ್ದು ಟಪಾಲು ಮಾತ್ರ. ಗಂಗೆಯ ದಡ, ಸೊಪ್ಪು ಸೊದೆ, ಮೌನ, ಧ್ಯಾನ ಎಲ್ಲವೂ ಇತ್ತು. ರಿಂಗೋ ಹತ್ತು ದಿನಕ್ಕೇ ಗಂಟುಮೂಟೆ ಕಟ್ಟಿದರು, ಪಾಲ್ ಸುಮಾರು ಒಂದು ತಿಂಗಳು ಕಳೆದು ಹೊರಟರು, ಜಾನ್ ಮತ್ತು ಜಾರ್ಜ್ ಏಪ್ರಿಲಿನಲ್ಲಿ ಗುರುಗಳ ಮೇಲೆ ಕೋಪಿಸಿಕೊಂಡು ಎದ್ದುಹೋದರು. ನಾಲ್ಕು ಜನ ಮೂರು ಬೇರೆ ಬೇರೆ ದಿನ ಹೊರಟದ್ದಕ್ಕೆ ಸಾವಿರಾರು ಮೈಲಿ ದೂರದಲ್ಲಿದ್ದ ಹೆಂಗಸೇ ಕಾರಣವೆಂದು ಸಾಧಿಸಬಲ್ಲ ಪ್ರತಿಭಾವಂತರು ಇದ್ದಾರೆಂಬುದನ್ನು ನಾನು ಬಲ್ಲೆ. ಅವರಿಗೆ ಅಂಚೆಚೀಟಿಯೇ ಸಾಕು.

ಹಣಕ್ಕಾಗಿ ಬಂದವಳು ಎಂಬುದು ಎರಡನೆಯ ಆರೋಪ. 1933ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಈಕೆಯ ತಂದೆ ಬ್ಯಾಂಕಿನ ಅಧಿಕಾರಿ. ತಾಯಿಯ ಕಡೆಯವರದು ಯಾಸುದಾ ಬ್ಯಾಂಕನ್ನೇ ಕಟ್ಟಿದ ಮನೆತನ. ಬ್ಯಾಂಕನ್ನು ಬಿಟ್ಟು ಬ್ಯಾಂಡನ್ನು ದೋಚಲು ಬಂದಳೆಂಬುದು ವ್ಯವಹಾರ ಬಲ್ಲವರು ಒಪ್ಪುವ ಮಾತಲ್ಲ. ಆ ಸಿರಿಯೂ ಯುದ್ಧದ ಕಾಲಕ್ಕೆ ಕೈಹಿಡಿಯಲಿಲ್ಲ. 1945ರಲ್ಲಿ ಟೋಕಿಯೋ ಮೇಲೆ ಬಾಂಬು ಸುರಿದಾಗ ಹಳ್ಳಿಗೆ ಓಡಿಹೋಗಿ, ಮನೆಯ ಸಾಮಾನು ಕೊಟ್ಟು ಅಕ್ಕಿ ತಂದ ಆ ದಿನಗಳಲ್ಲಿ, ಹನ್ನೆರಡು ವರ್ಷದ ಆ ಹುಡುಗಿ ಹಸಿದ ತಮ್ಮನ ಜೊತೆ ಆಕಾಶ ನೋಡುತ್ತ ಮಲಗಿ, ಇವತ್ತಿನ ಊಟಕ್ಕೆ ಏನೇನಿದೆ ಎಂದು ಇಲ್ಲದ ಅಡುಗೆಯ ಪಟ್ಟಿ ಕಟ್ಟುತ್ತಿದ್ದಳು. ಇದನ್ನು ಆಕೆ ಮುಂದೆ ಕಲೆ ಎಂದು ಕರೆದರು. ಜನ ನಾಟಕ ಎಂದರು.

ಆ ಕಲೆಯ ಒಂದು ಪುಸ್ತಕ 1964ರಲ್ಲಿ ಟೋಕಿಯೋದಲ್ಲಿ 500 ಪ್ರತಿ ಅಚ್ಚಾಯಿತು. ಅದರ ತುಂಬ ಚಿಕ್ಕ ಚಿಕ್ಕ ಸೂಚನೆಗಳು. ಬೆಂಕಿಕಡ್ಡಿ ಗೀರಿ ಅದು ಆರುವವರೆಗೂ ನೋಡು ಎಂಬುದು ಒಂದು. ಇದರಲ್ಲಿ ಏನು ಮಣ್ಣಿದೆ ಎಂದು ಕೇಳುವವರಲ್ಲಿ ಒಬ್ಬರೂ ಕಡ್ಡಿ ಗೀರಿ ನೋಡಿದ್ದನ್ನು ನಾನು ಕಂಡಿಲ್ಲ. ನಾನು ಗೀರಿದೆ. ಮೊದಲು ಗಂಧಕದ ವಾಸನೆ, ಆಮೇಲೆ ಕಡ್ಡಿ ಕಪ್ಪಗೆ ಡೊಂಕಾಗಿ ತಲೆಬಾಗುವುದು, ಆಮೇಲೆ ಜ್ವಾಲೆ ನೀಲಿಯಾಗಿ ಬೆರಳಿನತ್ತ ಇಳಿಯುವುದು, ಕೊನೆಗೆ ಬೆರಳು ಸುಡುವುದು. ಮಹಾಕಾವ್ಯವೆಂದು ಹೇಳಲಾರೆ. ಆದರೆ ಐವತ್ತು ವರ್ಷದಿಂದ ದಿನಕ್ಕೆರಡು ಸಲ ಕಡ್ಡಿ ಗೀರಿದ ನಾನು ಅದನ್ನು ಪೂರ್ತಿ ನೋಡಿದ್ದು ಅಂದೇ ಮೊದಲು.

1966ರ ನವೆಂಬರಿನಲ್ಲಿ ಲಂಡನ್ನಿನ ಇಂಡಿಕಾ ಗ್ಯಾಲರಿಯಲ್ಲಿ ಆಕೆಯ ಪ್ರದರ್ಶನ. ಆಕೆ ಲೆನ್ನನ್ ಮನೆ ಬಾಗಿಲು ತಟ್ಟಿದ್ದಲ್ಲ, ಲೆನ್ನನ್ ಅಲ್ಲಿಗೆ ಬಂದದ್ದು. ಈ ಸಣ್ಣ ವಿವರವನ್ನು ಲೋಕ ಅಂದಿನಿಂದ ತಿರುವುಮುರುವಾಗಿಯೇ ಹೇಳುತ್ತಿದೆ. ಪೀಠದ ಮೇಲೆ ಒಂದು ಸೇಬು ಇತ್ತು, ಬೆಲೆ 200 ಪೌಂಡ್. ಲೆನ್ನನ್ ಎತ್ತಿ ಒಂದು ಕಚ್ಚು ಕಚ್ಚಿದರು. ಇನ್ನೊಂದು ಕಡೆ ಒಂದು ಹಲಗೆ, ಸುತ್ತಿಗೆ, ಮೊಳೆ. ಬಂದವರು ಮೊಳೆ ಹೊಡೆಯಬೇಕು, ಆದರೆ ಪ್ರದರ್ಶನ ಇನ್ನೂ ತೆರೆದಿರಲಿಲ್ಲ. ಹೊಡೆಯುವುದಾದರೆ ಐದು ಶಿಲ್ಲಿಂಗ್ ಕೊಡಿ ಎಂದು ಆಕೆ ಕೇಳಿದರು. ಕಲ್ಪನೆಯ ಐದು ಶಿಲ್ಲಿಂಗ್ ಕೊಡುತ್ತೇನೆ, ಕಲ್ಪನೆಯ ಮೊಳೆ ಹೊಡೆಯುತ್ತೇನೆ ಎಂದರು ಇವರು.

2021ರಲ್ಲಿ 1969ರ ಆ ಜನವರಿಯ ಹಳೆಯ ಚಿತ್ರೀಕರಣವನ್ನು ಪೀಟರ್ ಜಾಕ್ಸನ್ ಸುಮಾರು ಎಂಟು ಗಂಟೆಯ ಸಾಕ್ಷ್ಯಚಿತ್ರವಾಗಿ ಬಿಡುಗಡೆ ಮಾಡಿದಾಗ, ಮನೆಮುರುಕಿಯನ್ನು ಕೈಸೆರೆ ಹಿಡಿಯುವ ಆಸೆಯಿಂದ ಜನ ರಾತ್ರಿಯೆಲ್ಲ ಎದ್ದು ಕುಳಿತು ನೋಡಿದರು. ಆಕೆ ಪತ್ರಿಕೆ ಓದುತ್ತಿದ್ದರು. ಹೆಣಿಗೆ ಹೆಣೆಯುತ್ತಿದ್ದರು. ಬಂದ ಕಾಗದಗಳನ್ನು ಒಡೆದು ನೋಡುತ್ತಿದ್ದರು. ಪಾಲ್ ಮದುವೆಯಾಗಲಿದ್ದ ಲಿಂಡಾ ಕೂಡ ಕ್ಯಾಮೆರಾ ಹಿಡಿದು, ಒಮ್ಮೆ ಮಗಳ ಸಮೇತವೂ, ಬಂದು ಹೋಗುತ್ತಿದ್ದರು, ಆದರೆ ಅದು ಸಂಸಾರ, ಇದು ಆಕ್ರಮಣ. 1970ರಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆ ಈಕೆಯ ಕುರಿತ ಲೇಖನದ ತಲೆಬರಹದಲ್ಲೇ, ಜಪಾನೀಯರ ನಾಲಿಗೆಯಲ್ಲಿ ‘ಲ’ ‘ರ’ ಅದಲುಬದಲಾಗುವುದನ್ನು ಅಣಕಿಸಿ ಲೆನ್ನನ್‌ರನ್ನು ‘ರೆನ್ನನ್’ ಮಾಡಿತ್ತು. ಸಂಸಾರಕ್ಕೂ ಆಕ್ರಮಣಕ್ಕೂ ನಡುವಿನ ಗಡಿ ಆ ಎರಡು ಅಕ್ಷರಗಳ ಹತ್ತಿರವೇ ಎಲ್ಲೋ ಹಾದುಹೋಗುತ್ತದೆ.

ಚಿತ್ರ ಮುಗಿದ ಮೇಲೆ ಆರೋಪವೇ ಬದಲಾಯಿತು. ಅಲ್ಲಿಯವರೆಗೂ ಆಕೆ ಏನೋ ಮಾಡಿದಳು ಎಂಬುದು ದೂರು. ಈಗ ಏನೂ ಮಾಡದೆ ಅಲ್ಲಿ ಕುಳಿತದ್ದು ಏಕೆ ಎಂಬುದು ದೂರು. ಪಾಪ, ಇವರಿಗೆ ಯಾರೂ ಹೇಳಿಲ್ಲ, ಸುಮ್ಮನೆ ಕೂರುವುದೇ ಆಕೆಯ ಕಸುಬು. 1964ರಲ್ಲಿ ಕ್ಯೋಟೋದಲ್ಲಿ, ಮರುವರ್ಷ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲಿನಲ್ಲಿ, ಆಕೆ ಕತ್ತರಿಯೊಂದನ್ನು ಮುಂದಿಟ್ಟುಕೊಂಡು ವೇದಿಕೆಯ ಮೇಲೆ ಮಂಡಿಯೂರಿ ಕುಳಿತರು; ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಆಕೆಯ ಉಡುಪನ್ನು ಕತ್ತರಿಸಿ ಒಂದೊಂದು ತುಂಡು ಒಯ್ದರು. ನ್ಯೂಯಾರ್ಕಿನಲ್ಲಿ ಒಬ್ಬ ಯುವಕ ಬಲು ಉತ್ಸಾಹದಿಂದ ಒಳ ಉಡುಪಿನ ಪಟ್ಟಿಗಳಿಗೇ ಕತ್ತರಿ ಹಾಕಿದಾಗ ಆಕೆಯ ಕಣ್ಣು ಒಂದು ಗಳಿಗೆ ಚಂಚಲವಾಗಿ, ಕೈ ಎದೆಯನ್ನು ಮುಚ್ಚಿದ್ದು ಆ ಪ್ರದರ್ಶನವನ್ನು ಸೆರೆಹಿಡಿದ ಚಿತ್ರದಲ್ಲಿದೆ. ಆಗಲೂ ಎದ್ದು ಹೋಗಲಿಲ್ಲ. 1969ರ ಮಾರ್ಚಿನಲ್ಲಿ ಮದುವೆಯಾದ ಕೂಡಲೇ ಆಮ್‌ಸ್ಟರ್‌ಡ್ಯಾಮಿನ ಹಿಲ್ಟನ್ ಹೋಟೆಲಿನಲ್ಲಿ ಗಂಡಹೆಂಡತಿ ವಿಯೆಟ್ನಾಂ ಯುದ್ಧದ ವಿರುದ್ಧ ಒಂದು ವಾರ ಹಾಸಿಗೆಯಲ್ಲೇ ಕುಳಿತರು. ಹನಿಮೂನಿನಲ್ಲಿ ಏನಾದರೂ ಕಾಣಸಿಗಬಹುದೆಂದು ಓಡಿಬಂದ ಪತ್ರಕರ್ತರಿಗೆ ಪೈಜಾಮ ತೊಟ್ಟ ಇಬ್ಬರು ಶಾಂತಿಯ ಉಪದೇಶ ಮಾಡಿದ್ದನ್ನು ಪತ್ರಿಕಾವೃತ್ತಿ ಇಂದಿಗೂ ಕ್ಷಮಿಸಿದಂತಿಲ್ಲ.

ಇನ್ನು ಕಿರುಚಾಟ. 1972ರಲ್ಲಿ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ರಾಕ್ ಸಂಗೀತದ ಹಿರಿಯ ಚಕ್ ಬೆರ್ರಿ ಹಾಡುತ್ತಿರುವಾಗ ಹಿಂದಿನಿಂದ ಯೋಕೊ ಹೊರಡಿಸಿದ ಧ್ವನಿಗೆ ಆ ಹಿರಿಯರ ಕಣ್ಣುಗುಡ್ಡೆ ಹೊರಬಂದ ತುಣುಕು ಎಲ್ಲರ ಫೋನಿನಲ್ಲೂ ಇದೆ, ಮತ್ತು ಆಕೆಯ ಸಂಗೀತದ ಬಗ್ಗೆ ಲೋಕದ ಸಮಸ್ತ ಅಧ್ಯಯನ ಅಷ್ಟಕ್ಕೇ ಸೀಮಿತ. ನಾನು ಹಟ ಹಿಡಿದು ಆಕೆಯ 1970ರ ಆಲ್ಬಮ್ಮನ್ನು ಮನೆಯಲ್ಲಿ ಹಾಕಿದೆ. ಮೊದಲ ಹಾಡು ಮುಗಿಯುವ ಮುನ್ನವೇ ಪಕ್ಕದ ಮನೆಯವರು ಕರೆಗಂಟೆ ಒತ್ತಿ, ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ನನಗೂ ಅದು ಹಿಡಿಸಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಕೇಳಿದಾಗ ಆ ಗಂಟಲು ಗಿಟಾರಿನ ತಂತಿಯನ್ನು ಅಟ್ಟಿಸಿಕೊಂಡು ಹೋಗುವ ಬಗೆ ಕಿವಿಗೆ ಬಿತ್ತು, ಆದರೂ ಮೂರನೆಯ ಸಲಕ್ಕೆ ಮನಸ್ಸಾಗಲಿಲ್ಲ. ಆದರೆ ಆ ಹಾಡಿನ ಹಿಂದೆ ಡ್ರಮ್ ಬಾರಿಸುತ್ತಿರುವವರು ಯಾರು? ಒಡೆದ ಮನೆಯ ರಿಂಗೋ ಸ್ಟಾರ್. ಆಲ್ಬಮ್ ಹೊರಬಂದದ್ದು ಪಾಲ್ ದಾವೆ ಹೂಡಿದ ಅದೇ ಡಿಸೆಂಬರಿನಲ್ಲಿ. ಆಕೆಯಿಂದ ಸರ್ವನಾಶವಾದ ವ್ಯಕ್ತಿ ಆಕೆಗೇ ತಾಳ ಹಾಕುತ್ತಿದ್ದುದನ್ನು ಅಭಿಮಾನಿಗಳು ಗಮನಿಸಲಿಲ್ಲ, ಏಕೆಂದರೆ ಗಮನಿಸಲು ಕೇಳಬೇಕಾಗುತ್ತದೆ. 2012ರಲ್ಲಿ ಪಾಲ್ ಅವರೇ ಸಂದರ್ಶನವೊಂದರಲ್ಲಿ, ತಂಡ ಒಡೆದದ್ದು ಆಕೆಯಿಂದಲ್ಲ ಎಂದರು. ದೂರುದಾರನೇ ದೂರು ಹಿಂತೆಗೆದುಕೊಂಡ ಮೇಲೂ ಪ್ರೇಕ್ಷಕರ ಗ್ಯಾಲರಿ ಮೇಲ್ಮನವಿ ಸಲ್ಲಿಸುತ್ತಲೇ ಇದೆ.

ಇವರಲ್ಲಿ ಬಹಳ ಮಂದಿ ಮೇಣದಬತ್ತಿ ಹಿಡಿದು ಲೆನ್ನನ್ ಅವರ ‘ಇಮ್ಯಾಜಿನ್’ ಹಾಡುವಾಗ ಕಣ್ಣು ಒದ್ದೆ ಮಾಡಿಕೊಳ್ಳುವವರು. ಆ ಹಾಡಿನ ಕಲ್ಪನೆ ಬಂದದ್ದೇ ಯೋಕೊ ಅವರ ಪುಸ್ತಕದಿಂದ, ಆಕೆಯ ಹೆಸರನ್ನೂ ಹಾಕಬೇಕಾಗಿತ್ತು ಎಂದು ಲೆನ್ನನ್ 1980ರಲ್ಲಿ ತಾವಾಗಿ ಒಪ್ಪಿಕೊಂಡರು. ಅಮೆರಿಕದ ಸಂಗೀತ ಪ್ರಕಾಶಕರು ಆಕೆಯನ್ನು ಸಹ-ರಚನೆಕಾರ್ತಿ ಎಂದು ಘೋಷಿಸಿದ್ದು 2017ರಲ್ಲಿ. ಹೆಸರು ಸೇರಲು ಮೂವತ್ತೇಳು ವರ್ಷ. ನಮ್ಮಲ್ಲಿ ಪಹಣಿ ತಿದ್ದುಪಡಿ ಇದಕ್ಕಿಂತ ಬೇಗ ಆಗುತ್ತದೆ ಎಂದು ಹೇಳಬಹುದಿತ್ತು, ಹೇಳಲು ಧೈರ್ಯವಿಲ್ಲ.

ಈಗ ಗಾಳಿ ತಿರುಗಿದೆ. 2009ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾಮೇಳ ಆಕೆಯ ಜೀವಮಾನದ ಸಾಧನೆಗೆ ಚಿನ್ನದ ಸಿಂಹ ಕೊಟ್ಟಿತು. 1971ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ, ಅವರನ್ನು ಕೇಳದೆಯೇ, ತನ್ನ ಪ್ರದರ್ಶನವಿದೆ ಎಂದು ಜಾಹೀರಾತು ಕೊಟ್ಟು ನೊಣಗಳನ್ನು ಬಿಟ್ಟಿರುವುದಾಗಿ ಸಾರಿದ ಹೆಂಗಸಿಗೆ, 2015ರಲ್ಲಿ ಅದೇ ಸಂಗ್ರಹಾಲಯ ಬಾಗಿಲು ತೆರೆದು ಪ್ರದರ್ಶನ ಏರ್ಪಡಿಸಿತು. 2024ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಆರು ತಿಂಗಳಿಗೂ ಮಿಕ್ಕಿ ಆಕೆಯ ಕೆಲಸವನ್ನು ತೋರಿಸಿತು. ನಿನ್ನೆಯವರೆಗೆ ಮಾಟಗಾತಿ ಎನ್ನುತ್ತಿದ್ದವರು ಇಂದು ಕೈಕಟ್ಟಿ ನಿಂತು, ಧ್ವನಿ ತಗ್ಗಿಸಿ, ಕಾಲಕ್ಕಿಂತ ಮುಂದಿದ್ದ ಪ್ರತಿಭೆ ಎನ್ನುತ್ತಾರೆ. ನಾನು ಆಗಲೇ ಹೇಳಿದ್ದೆ ಎಂದೂ ಸೇರಿಸುತ್ತಾರೆ. ಅಂಥ ಒಬ್ಬರಿಗೆ ನಾನು ಆ 1970ರ ಆಲ್ಬಮ್ಮಿನ ಹೆಸರು ಹೇಳಿ, ಕೇಳಿದ್ದೀರಾ ಎಂದೆ. ಕೇಳುವುದೇನು, ಅನುಭವಿಸಬೇಕು ಎಂದರು. ಬೈಯುವಾಗ ಮುಚ್ಚಿದ್ದ ಕಿವಿ ಹೊಗಳುವಾಗಲೂ ಮುಚ್ಚಿಯೇ ಇದೆ. ಆ ಸೇಬು ನ್ಯೂಯಾರ್ಕಿನ ಪ್ರದರ್ಶನದಲ್ಲೂ ಪೀಠವೇರಿ ಕುಳಿತಿತ್ತು. ಯಾರಾದರೂ ಭಕ್ತರು ಅದನ್ನು ಎತ್ತಿ ಒಂದು ಕಚ್ಚು ಕಚ್ಚಿದ್ದರೆ, ಅವರನ್ನು ಹೊರಹಾಕುವ ಕಾವಲುಗಾರನ ಕಡೆಗೇ ಉಳಿದ ಭಕ್ತರು ನಿಲ್ಲುತ್ತಿದ್ದರೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಂಡಿಕಾದ ಹಲಗೆಯ ಮೇಲೆ ಅಂದು ಲೆನ್ನನ್ ಹೊಡೆದದ್ದು ಒಂದೇ ಒಂದು ಮೊಳೆ. ಲೋಕ ಅಂದಿನಿಂದ ಸುತ್ತಿಗೆ ಕೆಳಗಿಟ್ಟಿಲ್ಲ. ಕಲ್ಪನೆಯ ಮೊಳೆಗಳಿಂದ ಹಲಗೆ ಕಾಣದಂತಾಗಿದೆ. ಐದು ಶಿಲ್ಲಿಂಗ್ ಮಾತ್ರ, ಕಲ್ಪನೆಯದು ಕೂಡ, ಇನ್ನೊಬ್ಬರಿಂದ ವಸೂಲಾಗಿಲ್ಲ.