ದೀದಿಯ ಪರ್ಸಿನಲ್ಲಿದ್ದ ಕಾಗದ

ಮೊನ್ನೆ ಅಮೆರಿಕದಲ್ಲಿರುವ ನಮ್ಮ ಕಡೆಯ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ, ಇಲ್ಲಿ ತಾತ್ಕಾಲಿಕವಾಗಿ ಇರಲು ಬಿಟ್ಟಿದ್ದ ನೇಪಾಳಿಗಳ ಬಗ್ಗೆ ಒಬ್ಬರು ಬರೆದರು: "ಟೆಂಪರರಿ ಅಂತ ಉಳಿದವರು ಟೈಮ್ ಆದಮೇಲೆ ಹೋಗಬೇಕಪ್ಪ. ನಾವು ವರ್ಷಗಟ್ಟಲೆ ಲೈನಲ್ಲಿ ನಿಂತಿಲ್ವಾ?" ಅದಕ್ಕೆ ಸಾಲುಸಾಲಾಗಿ ಲೈಕ್ ಬಿದ್ದವು. ನಾನು ಉತ್ತರ ಬರೆಯಲು ಹೋಗಿ ಮೂರು ಸಲ ಅಳಿಸಿದೆ. ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಡಲ್ಲಾಸ್ ಹತ್ತಿರ ಒಂದು ಡೇ ಕೇರ್‌ನಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಮಕ್ಕಳ ರೂಮು ನಂದು. ಆ ರೂಮಿನಲ್ಲಿ ನನಗೆ ಕೆಲಸ ಕಲಿಸಿದವರು ನೇಪಾಳದವರು. ಎಲ್ಲರೂ ಅವರನ್ನು ದೀದಿ ಎಂದೇ ಕರೆಯುವುದು. ಅವರು ನನ್ನನ್ನು ಬಹಿನಿ ಅನ್ನುತ್ತಾರೆ, ಅಂದರೆ ತಂಗಿ. ಇಲ್ಲಿ ಯೂಲೆಸ್, ಅರ್ವಿಂಗ್ ಸುತ್ತಮುತ್ತ ನೇಪಾಳಿಗಳು ಜಾಸ್ತಿ. ಅವರ ಅಂಗಡಿಗಳಲ್ಲಿ ಒಳ್ಳೆ ಅವಲಕ್ಕಿ ಸಿಗುತ್ತದೆ, ನಾನು ಮೊದಲು ಅಲ್ಲಿಗೆ ಹೋಗಿದ್ದೇ ದೀದಿ ಜೊತೆ.

ದೀದಿಯ ಗಂಡ ಸ್ಟೂಡೆಂಟ್ ವೀಸಾದಲ್ಲಿ ಬಂದವರು. ಇವರು 2014ರಲ್ಲಿ ಡಿಪೆಂಡೆಂಟ್ ಆಗಿ ಬಂದರು. ಮರುವರ್ಷ ಏಪ್ರಿಲ್ 25ಕ್ಕೆ ನೇಪಾಳದಲ್ಲಿ ಭೂಕಂಪ ಆಯಿತು. ಮೇ 12ಕ್ಕೆ ಇನ್ನೊಂದು ಸಲ ನಡುಗಿತು. ಸುಮಾರು 9 ಸಾವಿರ ಜನ ಸತ್ತರು. ಹೆಚ್ಚು ಪೆಟ್ಟು ತಿಂದದ್ದು ಸಿಂಧುಪಾಲ್ಚೋಕ್ ಜಿಲ್ಲೆ. ದೀದಿಯ ಅತ್ತೆ ಮನೆ ಇದ್ದದ್ದು ಅಲ್ಲೇ. ಮನೆ ಬಿತ್ತು, ದನದ ಕೊಟ್ಟಿಗೆ ಬಿತ್ತು, ಅತ್ತೆ ಮಾವ ಆ ಮಳೆಗಾಲ ಇಡೀ ತಗಡಿನ ಶೀಟಿನ ಕೆಳಗೆ ಕಳೆದರು. ಅದೇ ಜೂನ್ 24ಕ್ಕೆ ಅಮೆರಿಕ ನೇಪಾಳವನ್ನು ಟಿಪಿಎಸ್ ಪಟ್ಟಿಗೆ ಸೇರಿಸಿತು.

ಟಿಪಿಎಸ್ ಅಂದರೆ ತಾತ್ಕಾಲಿಕ ರಕ್ಷಣೆ. 1990ರ ಕಾನೂನು. ಯುದ್ಧ, ಭೂಕಂಪ, ಚಂಡಮಾರುತ, ಹೀಗೆ ಏನಾದರೂ ಆಗಿ ಒಂದು ದೇಶಕ್ಕೆ ಜನರನ್ನು ವಾಪಸ್ ಕಳಿಸುವ ಹಾಗಿಲ್ಲ ಅಂತಾದರೆ, ಆಗಲೇ ಇಲ್ಲಿರುವ ಆ ದೇಶದವರನ್ನು ಗಡೀಪಾರು ಮಾಡುವುದಿಲ್ಲ, ಕೆಲಸ ಮಾಡಲು ಕಾರ್ಡು ಕೊಡುತ್ತೇವೆ ಎನ್ನುವುದು ಅದರ ಲೆಕ್ಕ. ಒಂದು ಸಲಕ್ಕೆ 6, 12 ಅಥವಾ 18 ತಿಂಗಳು. ಮುಗಿಯುವ ಕನಿಷ್ಠ 60 ದಿನ ಮೊದಲು ಸರ್ಕಾರ ಮತ್ತೆ ನೋಡಿ ಮುಂದುವರಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡಬೇಕು. ಮುಂದುವರಿಸಿದಾಗಲೆಲ್ಲ ಇವರು ಹೊಸದಾಗಿ ಅರ್ಜಿ ಹಾಕಬೇಕು, ಕರೆದಾಗ ಹೋಗಿ ಬೆರಳಚ್ಚು ಕೊಡಬೇಕು, ಫೀಸು ಕಟ್ಟಬೇಕು. ಒಂದು ದೊಡ್ಡ ಅಪರಾಧ ಅಥವಾ ಎರಡು ಸಣ್ಣ ಅಪರಾಧ ಸಾಬೀತಾದರೆ ಟಿಪಿಎಸ್ ಇಲ್ಲ. ಇದನ್ನು ಗ್ರೂಪಿನಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಏನೋ. ಕದ್ದು ಮುಚ್ಚಿ ಬದುಕುತ್ತಿರುವ ಜನ ಅಲ್ಲ ಇವರು. ಇವರ ಮನೆ ವಿಳಾಸ, ಕೈಬೆರಳು, ಸಂಬಳ, ಟ್ಯಾಕ್ಸ್ ಎಲ್ಲ ಸರ್ಕಾರದ ಹತ್ತಿರವೇ ಇದೆ.

ಈಗ ಆ ಕಾಗದದ ವಿಷಯಕ್ಕೆ ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದಿನ ಊಟದ ಹೊತ್ತಿನಲ್ಲಿ ದೀದಿಯ ಪರ್ಸಿನಿಂದ ಪ್ಲಾಸ್ಟಿಕ್ ಕವರ್ ಒಂದು ಕೆಳಗೆ ಬಿತ್ತು. ಒಳಗೆ ವರ್ಕ್ ಪರ್ಮಿಟ್ ಕಾರ್ಡು, ಅದರ ಹಿಂದೆ ನಾಲ್ಕಾಗಿ ಮಡಚಿದ ಪ್ರಿಂಟ್‌ಔಟ್. ಮಡಿಕೆಗಳು ಹರಿದು ಹೋಗಿ ಟೇಪ್ ಹಚ್ಚಿದ್ದರು. ಒಂದು ಸಾಲಿಗೆ ಹಳದಿ ಬಣ್ಣ ಬಳಿದಿತ್ತು. ಕಾರ್ಡಿನ ಮೇಲಿದ್ದ ಕೊನೆ ದಿನಾಂಕ ಜೂನ್ 24, 2019. ನಾನು ನೋಡುತ್ತಿದ್ದದ್ದು 2022ರಲ್ಲಿ! "ದೀದಿ, ಇದು ಮುಗಿದು ಮೂರು ವರ್ಷ ಆಯ್ತಲ್ಲ" ಅಂದೆ. ಅವರು ಆ ಹಳದಿ ಸಾಲು ತೋರಿಸಿದರು. "ಇದನ್ನು ಓದು ಬಹಿನಿ. ಕಾರ್ಡು ಸತ್ತಿದೆ, ಕಾಗದ ಬದುಕಿದೆ."

ಆಗಿದ್ದೇನೆಂದರೆ, 2018ರಲ್ಲಿ ನೇಪಾಳದ ಟಿಪಿಎಸ್ ನಿಲ್ಲಿಸುತ್ತೇವೆ ಅಂತ ಸರ್ಕಾರ ಹೇಳಿತು. ಕೆಲವರು ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಷ್ಟು ದಿನ ಸರ್ಕಾರ ಹೊಸ ಕಾರ್ಡು ಅಚ್ಚು ಹಾಕುವ ಬದಲು ಗೆಜೆಟ್‌ನಲ್ಲಿ ಪ್ರಕಟಣೆ ಕೊಡುತ್ತಾ ಹೋಯಿತು. ಇಂಥಿಂಥ ದಿನಾಂಕ ಇರುವ ಕಾರ್ಡುಗಳು ಇಂಥ ದಿನದವರೆಗೆ ನಡೆಯುತ್ತವೆ ಅಂತ. ಮೊದಲು 2020ರ ಮಾರ್ಚ್‌ವರೆಗೆ. ಆಮೇಲೆ 2021ರ ಜನವರಿ 4. ಆಮೇಲೆ ಅದೇ ವರ್ಷ ಅಕ್ಟೋಬರ್ 4. ಆಮೇಲೆ 2022ರ ಡಿಸೆಂಬರ್ 31. ಆಮೇಲೆ 2024ರ ಜೂನ್ 30. ಪ್ರತಿ ಸಲ ದೀದಿ ಹೊಸ ಪ್ರಿಂಟ್ ತೆಗೆದು, ಹೊಸ ಸಾಲಿಗೆ ಹಳದಿ ಬಳಿದು, ಪರ್ಸಿಗೆ ಹಾಕಿಕೊಳ್ಳುತ್ತಿದ್ದರು.

ಕಾನೂನಿನ ಪ್ರಕಾರ ಆ ಕಾಗದ ಸಾಕು. ಆದರೆ ಕೌಂಟರಿನ ಆ ಕಡೆ ಕೂತವರಿಗೆ ಅದು ಗೊತ್ತಿರಬೇಕಲ್ಲ. ಒಂದು ಸಲ ಅವರ ಜೊತೆ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಲು ನಾನೂ ಹೋಗಿದ್ದೆ. ಕಿಟಕಿಯಲ್ಲಿದ್ದಾಕೆ ಕಾರ್ಡು ತಿರುಗಿಸಿ ನೋಡಿ, "ಎಕ್ಸ್‌ಪೈರ್ಡ್" ಅಂದು ವಾಪಸ್ ಜಾರಿಸಿದಳು. ದೀದಿ ಕಾಗದ ಕೊಟ್ಟರು. ಆಕೆ ಓದಲಿಲ್ಲ. "ಕಾರ್ಡಿನ ಮೇಲೆ ಏನಿದೆಯೋ ಅದೇ ನನಗೆ ಮುಖ್ಯ" ಅಂದಳು. ದೀದಿ ದನಿ ಏರಿಸಲಿಲ್ಲ. ಹಳದಿ ಸಾಲಿನ ಮೇಲೆ ಬೆರಳಿಟ್ಟು, ಪದ ಪದ ಬಿಡಿಸಿ, ಚಿಕ್ಕ ಮಕ್ಕಳಿಗೆ ಕಥೆ ಓದುವ ಹಾಗೆ ಓದಿದರು. ಎರಡನೇ ಸಲ ಓದಿದರು. ಕೊನೆಗೆ ಮೇಲಿನವರನ್ನು ಕರೆಸಿದರು. ಒಂದೂಮುಕ್ಕಾಲು ಗಂಟೆ ಆಯಿತು. ಲೈಸೆನ್ಸ್ ಸಿಕ್ಕಿತು, ಆದರೆ ಆ ಕಾಗದದ ದಿನಾಂಕದವರೆಗೆ ಮಾತ್ರ. ಆರೇಳು ತಿಂಗಳಿಗೆ ಮತ್ತೆ ಅದೇ ಕಿಟಕಿ. ಕಾರಿಗೆ ಬಂದು ಕೂತಮೇಲೆ ಅವರ ಕೈ ನಡುಗುತ್ತಿತ್ತು. ಗಾಡಿ ನಾನೇ ಓಡಿಸಿದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಒಬ್ಬರನ್ನು ಇಲ್ಲಿರಲು ಬಿಟ್ಟಮೇಲೆ, ಕೆಲಸದ ಪರ್ಮಿಟ್ ಸರಿಯಾದ ಸಮಯಕ್ಕೆ, ಸಾಕಷ್ಟು ಅವಧಿಗೆ, ಕಾರ್ಡಿನ ಮೇಲೇ ದಿನಾಂಕ ಹಾಕಿ ಮುಂದುವರಿಸಿ. ಹತ್ತು ವರ್ಷ ಮುಂದುವರಿಸಿದ ಮೇಲೆ ಎರಡೇ ತಿಂಗಳಲ್ಲಿ ಖಾಲಿ ಮಾಡಿ ಅನ್ನಬೇಡಿ.

ಗ್ರೀನ್ ಕಾರ್ಡಿಗೆ "ನಾವು ಲೈನಲ್ಲಿ ನಿಂತಿದ್ದೇವೆ" ಅನ್ನುತ್ತಾರಲ್ಲ, ಟಿಪಿಎಸ್‌ನವರಿಗೆ ನಿಲ್ಲಲು ಲೈನೇ ಇಲ್ಲ. ಎಷ್ಟು ವರ್ಷ ಇದ್ದರೂ ಟಿಪಿಎಸ್‌ನಿಂದ ನೇರವಾಗಿ ಗ್ರೀನ್ ಕಾರ್ಡು ಬರುವುದಿಲ್ಲ. ವೀಸಾ ಇಲ್ಲದೆ ಬಂದವರಿಗೆ ಟಿಪಿಎಸ್ ಇದ್ದ ಮಾತ್ರಕ್ಕೆ ಇಲ್ಲಿಂದಲೇ ಗ್ರೀನ್ ಕಾರ್ಡು ಸಿಗುವುದಿಲ್ಲ ಅಂತ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಅದೇ ವರ್ಷ ಇವರಿಗೊಂದು ದಾರಿ ಮಾಡಿಕೊಡುವ ಮಸೂದೆ ಕೆಳಮನೆಯಲ್ಲಿ ಪಾಸಾಗಿತ್ತು, ಸೆನೆಟ್‌ನಲ್ಲಿ ಆಗಲಿಲ್ಲ. ದೀದಿ ವೀಸಾದಲ್ಲೇ ಬಂದವರು. ಅವರಿಗಿರುವ ದಾರಿ ಅಂದರೆ ಇಲ್ಲಿ ಹುಟ್ಟಿದ ಮಗಳಿಗೆ 21 ತುಂಬಿ ಅವಳು ಅಪ್ಪ ಅಮ್ಮನಿಗೆ ಅರ್ಜಿ ಹಾಕುವುದು. ಅವಳಿಗೆ ಈಗ ಒಂಬತ್ತು.

ನಮ್ಮವರು ಈ ಮಾತು ಆಡಿದಾಗ ನನಗೆ ಜಾಸ್ತಿ ನೋವಾಗುತ್ತದೆ, ಯಾಕೆಂದರೆ ಕಾರ್ಡಿನ ದಿನಾಂಕ ನೋಡುತ್ತಾ ಕೂರುವುದು ಏನು ಅಂತ ನಮಗೆ ಚೆನ್ನಾಗಿ ಗೊತ್ತು. ನಾನು ಎಚ್-4ನಲ್ಲಿರುವವಳು, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಕೊಡುವ ವೀಸಾ. ನನಗೂ ಅದೇ ವರ್ಕ್ ಪರ್ಮಿಟ್ ಕಾರ್ಡು, ಅದರ ಮೇಲಿನ ಕೋಡ್ ಮಾತ್ರ ಬೇರೆ. 2021ರಲ್ಲಿ ನನ್ನ ರಿನ್ಯೂವಲ್ ಸಮಯಕ್ಕೆ ಬರಲಿಲ್ಲ. ಬೆರಳಚ್ಚಿನ ಸರದಿಗೇ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಆಗ ಬೇರೆ ಕಡೆ ಕೆಲಸದಲ್ಲಿದ್ದೆ. ಕಾರ್ಡು ಮುಗಿದ ದಿನ ಸಂಜೆ ಐದಕ್ಕೆ ನನ್ನ ಬ್ಯಾಡ್ಜ್ ವಾಪಸ್ ತಗೊಂಡರು. ಐದು ತಿಂಗಳು ಮನೆಯಲ್ಲಿ ಕೂತೆ. ಅರಸೀಕೆರೆಯಿಂದ ಅಮ್ಮ ಫೋನ್ ಮಾಡಿ "ಏನು ತಪ್ಪು ಮಾಡ್ದೆ ಅಂತ ಕೆಲಸ ತೆಗೆದ್ರು?" ಅಂತ ಕೇಳಿದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ. ಹಾಗೆ ಕೂತಿದ್ದವಳು ಕಾರ್ಡು ಬಂದಮೇಲೆ ಸೇರಿದ್ದೇ ಈ ಡೇ ಕೇರ್‌ಗೆ.

ಈಗ ನೋಡಿ, 2025ರ ಅಕ್ಟೋಬರ್ 30ರಿಂದ ಹೊಸ ನಿಯಮ ಬಂದಿದೆ. ಅದಕ್ಕೆ ಮುಂಚಿನ ಕೆಲವು ವರ್ಷ, ಸಮಯಕ್ಕೆ ರಿನ್ಯೂವಲ್ ಅರ್ಜಿ ಹಾಕಿದ್ದರೆ ಹಳೆ ಕಾರ್ಡು ತಾನಾಗಿಯೇ 540 ದಿನದವರೆಗೆ ನಡೆಯುತ್ತಿತ್ತು. ಆ ದಿನದಿಂದ ಹಾಕುವ ಅರ್ಜಿಗಳಿಗೆ ಅದಿಲ್ಲ. ನಮ್ಮ ಎಚ್-4ನವರಿಗೂ ಇಲ್ಲ. ನನ್ನ ಕಾರ್ಡಿನ ಮೇಲಿರುವುದು 2026ರ ಏಪ್ರಿಲ್. ನಮ್ಮ ಯಜಮಾನರ ಆಫೀಸಿನ ವಕೀಲರು ಪೇಪರ್ ತಯಾರು ಮಾಡುವಷ್ಟರಲ್ಲಿ ನಿಯಮ ಬಂದೇ ಬಿಟ್ಟಿತು. ಗ್ರೂಪಿನಲ್ಲಿ ಈ ಬಗ್ಗೆ ಎಲ್ಲರೂ ಬೆಂಕಿ ಕಾರಿದರು. ಸರಿಯಾಗೇ ಕಾರಿದರು. ಅದೇ ಜನ, ಅದೇ ವಾರ, ನೇಪಾಳದವರ ವಿಷಯಕ್ಕೆ "ಹೋಗಲಿ ಬಿಡಿ" ಅಂತ ಬರೆದದ್ದು ನನಗೆ ಅರ್ಥ ಆಗುತ್ತಿಲ್ಲ.

2025ರಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. 2023ರಲ್ಲಿ ಹಿಂದಿನ ಸರ್ಕಾರ ಆ ನಿಲ್ಲಿಸುವ ಆದೇಶವನ್ನು ವಾಪಸ್ ತಗೊಂಡು ನೇಪಾಳಕ್ಕೆ 2025ರ ಜೂನ್ 24ರವರೆಗೆ ಕೊಟ್ಟಿತ್ತು. ದೀದಿಗೆ ಕೊನೆಗೂ ಸರಿಯಾದ ದಿನಾಂಕದ ಕಾರ್ಡು ಬಂತು. ಅವತ್ತು ಸ್ಟಾಫ್ ರೂಮಿಗೆ ಸೆಲ್ ರೋಟಿ ಮಾಡಿ ತಂದಿದ್ದರು. ಹಿಟ್ಟು ನಮ್ಮ ಕಜ್ಜಾಯದ ಹಾಗೆ ಅಕ್ಕಿದು, ಆಕಾರ ದೊಡ್ಡ ಕೋಡುಬಳೆ. 2025ರ ಜೂನ್‌ನಲ್ಲಿ ಹೊಸ ಸರ್ಕಾರ ಮುಂದುವರಿಸುವುದಿಲ್ಲ, ಆಗಸ್ಟ್ 5ಕ್ಕೆ ಮುಗಿಯಿತು ಅಂತ ಪ್ರಕಟಿಸಿತು. ಕೊಟ್ಟದ್ದು 60 ದಿನ. ಇದೇ ಅಧ್ಯಕ್ಷ ಟ್ರಂಪ್ ಅವರ ಮೊದಲ ಅವಧಿಯಲ್ಲಿ, 2018ರಲ್ಲಿ ನಿಲ್ಲಿಸಿದಾಗ ನೇಪಾಳದವರಿಗೆ ಒಂದು ವರ್ಷಕ್ಕಿಂತ ಹೆಚ್ಚು, ಎಲ್ ಸಾಲ್ವಡಾರ್‌ನವರಿಗೆ 18 ತಿಂಗಳು ಗಡುವು ಕೊಟ್ಟಿದ್ದರು.

ಜುಲೈ 31ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಜಡ್ಜ್ ಟ್ರಿನಾ ಥಾಂಪ್ಸನ್ ಅದನ್ನು ತಡೆದು, ನವೆಂಬರ್ 18ರವರೆಗೆ ಟಿಪಿಎಸ್ ಇರಲಿ ಅಂದರು. ದೀದಿ ಮತ್ತೆ ಪ್ರಿಂಟ್ ತೆಗೆದರು, ಮತ್ತೆ ಹಳದಿ ಬಳಿದರು. ಮೂರು ವಾರ. ಆಗಸ್ಟ್ 20ಕ್ಕೆ ಮೇಲಿನ ಕೋರ್ಟ್ ಆ ಆದೇಶಕ್ಕೇ ತಡೆ ಕೊಟ್ಟಿತು. ನೇಪಾಳದವರ ಟಿಪಿಎಸ್ ಆಗ ನಿಂತಿತು.

ಮರುದಿನ ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತು. ಲೈಟ್ ಆರಿಸಿದ್ದೆವು. ದೀದಿ ಒಂದು ಹುಡುಗನ ಪಕ್ಕ ನೆಲದ ಮೇಲೆ ಕೂತು ತಟ್ಟುತ್ತಿದ್ದರು. ಅವನು ಅವರು ತಟ್ಟಿದರೆ ಮಾತ್ರ ಮಲಗುತ್ತಿದ್ದ. ಅವರ ಗಂಡನ ಮೆಸೇಜ್ ಬಂತು. ಓದಿದರು. ಫೋನ್ ಮಗುಚಿ ಇಟ್ಟರು. ತಟ್ಟುವುದು ನಿಲ್ಲಿಸಲಿಲ್ಲ. ಅವನಿಗೆ ಪೂರ್ತಿ ನಿದ್ದೆ ಬಂದಮೇಲೆ ಎದ್ದು, ಹೊದಿಕೆ ಸರಿಮಾಡಿ, ಹೊರಗೆ ಹೋದರು. ಸಂಜೆ ಮ್ಯಾನೇಜರ್ ಅಳುತ್ತಲೇ ಅವರ ಕೊನೆಯ ಸಂಬಳದ ಲೆಕ್ಕ ಮಾಡಿದರು. ಮ್ಯಾನೇಜರ್ ಏನು ಮಾಡಲು ಸಾಧ್ಯ? ಪರ್ಮಿಟ್ ಇಲ್ಲದವರನ್ನು ಇಟ್ಟುಕೊಂಡರೆ ಅವರಿಗೇ ದಂಡ.

ಸರ್ಕಾರದ ವಾದ ನನಗೆ ಗೊತ್ತು. ನೇಪಾಳದಲ್ಲಿ ಮನೆಗಳು ಮತ್ತೆ ಎದ್ದಿವೆ, ಪರಿಸ್ಥಿತಿ ಸುಧಾರಿಸಿದೆ ಅನ್ನುತ್ತದೆ. ಸುಳ್ಳಲ್ಲ. ದೀದಿಯ ಅತ್ತೆ ಮನೆಯೂ ಎದ್ದಿದೆ, ಎರಡು ಕೋಣೆ, ಫೋಟೋ ತೋರಿಸಿದ್ದಾರೆ. ಆದರೆ ಅದನ್ನು ಕಟ್ಟಿದ ದುಡ್ಡು ಎಲ್ಲಿಂದ ಹೋಯಿತು? ಇಲ್ಲಿ ಡಯಾಪರ್ ಬದಲಿಸಿ ಸಂಪಾದಿಸಿದ ದುಡ್ಡು ಅದು. ಮೊದಲ ಎರಡು ವರ್ಷದಲ್ಲೇ ಹೋಗಿ ಅಂದಿದ್ದರೆ ಬೇರೆ ಮಾತು. ಮತ್ತೆ ಮತ್ತೆ ಮುಂದುವರಿಸಿದ್ದು ಸರ್ಕಾರವೇ. ಆ ಹತ್ತು ವರ್ಷದಲ್ಲಿ ಮಗಳು ಹುಟ್ಟಿದಳು, ನಾಲ್ಕನೇ ಕ್ಲಾಸಿಗೆ ಬಂದಳು. ಅವಳಿಗೆ ನೇಪಾಳಿ ಓದಲು ಬರುವುದಿಲ್ಲ. ಗ್ರೀನ್ ಕಾರ್ಡು ಸಿಕ್ಕವರನ್ನು ಬಿಟ್ಟರೆ ಹೀಗೆ ಸಿಕ್ಕಿಹಾಕಿಕೊಂಡ ನೇಪಾಳಿಗಳು ಸುಮಾರು 7 ಸಾವಿರ. ಇಷ್ಟು ದೊಡ್ಡ ದೇಶಕ್ಕೆ ಅದೊಂದು ಲೆಕ್ಕವಾ?

ಇನ್ನು ಎಲ್ ಸಾಲ್ವಡಾರ್. ಅವರು 2001ರ ಭೂಕಂಪದಿಂದ ಟಿಪಿಎಸ್‌ನಲ್ಲಿದ್ದಾರೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. ನಮ್ಮಲ್ಲಿ ಸ್ವಂತ ಮನೆ ಇರುವವರ ಮನೆಗಳಿಗೆ ಛಾವಣಿ ಹಾಕಿದವರಲ್ಲಿ ಅವರೂ ಇದ್ದಾರೆ. ಅವರ ಗಡುವು 2026ರ ಸೆಪ್ಟೆಂಬರ್ 9. 2025ರ ಜುಲೈನ ದೊಡ್ಡ ಬಜೆಟ್ ಕಾನೂನು ಬೇರೆ ಇದೆ. ಆಗ ಟಿಪಿಎಸ್ ನೋಂದಣಿ ಫೀಸು 50 ಡಾಲರ್ ಇದ್ದದ್ದು 500 ಆಯಿತು, ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಇನ್ನೊಂದು 275. ಕಾರ್ಡು ಒಂದು ವರ್ಷಕ್ಕಿಂತ ಹೆಚ್ಚಿಗೆ ಕೊಡುವ ಹಾಗಿಲ್ಲ. ದೀದಿ ಕಂಡ ಕಿಟಕಿಯನ್ನು ಅವರೆಲ್ಲ ಇನ್ನು ವರ್ಷಕ್ಕೊಮ್ಮೆ ಕಾಣಬೇಕು.

ನನಗೆ ಇಲ್ಲಿ ವೋಟಿಲ್ಲ. ಗ್ರೂಪಿನಲ್ಲಿರುವ ಎಷ್ಟೋ ಜನಕ್ಕೆ ಇದೆ. ನಿಮ್ಮ ಏರಿಯಾದ ಕಾಂಗ್ರೆಸ್ ಸದಸ್ಯರ ಆಫೀಸಿಗೆ ಫೋನ್ ಮಾಡಿದರೆ ಹುಡುಗರು ಎತ್ತಿಕೊಂಡು ನಿಮ್ಮ ಪಿನ್ ಕೋಡ್ ಕೇಳಿ ಬರೆದುಕೊಳ್ಳುತ್ತಾರೆ, ಎರಡು ನಿಮಿಷದ ಕೆಲಸ. ನಿಲ್ಲಿಸಿದ ರಿನ್ಯೂವಲ್ ನಿಯಮವನ್ನು ವಾಪಸ್ ತನ್ನಿ ಅಂತ ಹೇಗೂ ಹೇಳುತ್ತೀರಿ ಅಲ್ವಾ? ಅದೇ ಫೋನಿನಲ್ಲಿ ಟಿಪಿಎಸ್‌ನವರ ಪರ್ಮಿಟ್ ಮುಂದುವರಿಸಿ ಅಂತಲೂ ಹೇಳಿ. ಇಮಿಗ್ರೇಷನ್ ವಕೀಲರು ಯಾರಾದರೂ ಪರಿಚಯ ಇದ್ದರೆ ನನಗೆ ಮೆಸೇಜ್ ಮಾಡಿ, ದೀದಿಗೆ ಬೇಕು.

ದೀಪಾವಳಿ ಕಳೆದ ವಾರ ಅವರೇ ಫೋನ್ ಮಾಡಿದ್ದರು. ತಮ್ಮ ಕಷ್ಟ ಹೇಳಲಿಲ್ಲ. ಆ ಹುಡುಗ ಈಗ ಮಲಗುತ್ತಾನಾ ಅಂತ ಕೇಳಿದರು. ಇಲ್ಲ ದೀದಿ, ದಿನಾ ಅಳುತ್ತಾನೆ ಅಂದೆ. "ಬೆನ್ನು ತಟ್ಟಬೇಡ ಬಹಿನಿ, ಭುಜ ತಟ್ಟು. ಮೆಲ್ಲಗೆ, ಎರಡು ಬೆರಳಲ್ಲಿ" ಅಂದರು. ಇವತ್ತು ಹಾಗೇ ಮಾಡಿದೆ. ಹತ್ತು ನಿಮಿಷಕ್ಕೆ ಮಲಗಿದ.