7.8 ಅಂತ ನೋಡಿ ಪ್ಯಾಚ್ ಮುಂದೂಡುವವರಿಗೆ

ವಲ್ನರಬಿಲಿಟಿ ರಿಪೋರ್ಟ್ (ಸರ್ವರ್‌ನಲ್ಲಿರುವ ಭದ್ರತಾ ದೋಷಗಳ ಪಟ್ಟಿ) ಕೈಗೆ ಬಂದ ಕೂಡಲೇ ಬಹುತೇಕ ಅಡ್ಮಿನ್‌ಗಳು ಮಾಡುವ ಮೊದಲ ಕೆಲಸ, ಸಿವಿಎಸ್‌ಎಸ್ ಅಂಕದ ಪ್ರಕಾರ, ಅಂದರೆ ಹತ್ತಕ್ಕೆ ಎಷ್ಟು ಗಂಭೀರ ಅನ್ನುವುದರ ಪ್ರಕಾರ, ಸಾಲು ಹಚ್ಚುವುದು. 9.8 ಇದ್ದರೆ ಅವತ್ತೇ ರಾತ್ರಿ ಕೂತು ಪ್ಯಾಚ್, ಅಂದರೆ ದೋಷ ಮುಚ್ಚುವ ಅಪ್‌ಡೇಟ್. 7.8 ಇದ್ದು ಪಕ್ಕದಲ್ಲಿ ‘ಲೋಕಲ್’ ಅಂತಿದ್ದರೆ ಮುಂದಿನ ಮೆಂಟೆನೆನ್ಸ್ ವಿಂಡೋಗೆ. ಲಿನಕ್ಸ್ ಸರ್ವರ್‌ಗಳ ಮಟ್ಟಿಗೆ ಇದು ಪೂರ್ತಿ ತಲೆಕೆಳಗಾದ ಲೆಕ್ಕ ಅನ್ನುವುದು ನನ್ನ ವಾದ.

ಆ 7.8 ಎಲ್ಲಿಂದ ಬರುತ್ತದೆ ನೋಡಿ. ನಾಲ್ಕು ಹೆಸರಾಂತ ದೋಷಗಳು: ಸುಡೋದ (ರೂಟ್, ಅಂದರೆ ಸರ್ವಾಧಿಕಾರಿ ಯೂಸರ್ ಆಗಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಬ್ಯಾರನ್ ಸಮೆಡಿಟ್, ಪೋಲ್‌ಕಿಟ್‌ನ (ಯಾರಿಗೆ ಯಾವ ಅಧಿಕಾರ ಅಂತ ತೀರ್ಮಾನಿಸುವ ವ್ಯವಸ್ಥೆ) ಪೌನ್‌ಕಿಟ್, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡರ್ಟಿ ಪೈಪ್, ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಲೂನಿ ಟ್ಯೂನಬಲ್ಸ್. ಕೋಡ್ ಬೇರೆ, ತಪ್ಪು ಬೇರೆ, ಅಂಕ ಮಾತ್ರ ನಾಲ್ಕಕ್ಕೂ 7.8. ದಾಳಿ ಸುಲಭ, ಸಾಮಾನ್ಯ ಯೂಸರ್ ಸಾಕು, ಯಾರೂ ಏನೂ ಕ್ಲಿಕ್ ಮಾಡಬೇಕಿಲ್ಲ, ಗೌಪ್ಯತೆ, ಸಮಗ್ರತೆ, ಲಭ್ಯತೆ ಮೂರಕ್ಕೂ ನಷ್ಟ ಗರಿಷ್ಠ, ಆದರೆ ಲೋಕಲ್: ಹೀಗೆ ತುಂಬಿದರೆ ಸಿವಿಎಸ್‌ಎಸ್ ಸೂತ್ರ ಕೊಡುವ ಉತ್ತರವೇ ಅದು. ಲೋಕಲ್ ತೆಗೆದು ನೆಟ್‌ವರ್ಕ್ ಹಾಕಿದರೆ 8.8. ಅಂದರೆ ದಾಳಿಕೋರ ಆಗಲೇ ಒಳಗಿರಬೇಕು ಅನ್ನೋ ಒಂದೇ ಕಾರಣಕ್ಕೆ ಒಂದು ಅಂಕ ಕಡಿತ. ಒಳಗೆ ಬರುವುದಕ್ಕೆ ಏನು ಬೇಕು? ಹಳೇ ವರ್ಡ್‌ಪ್ರೆಸ್ ಪ್ಲಗಿನ್‌ನ ಫೈಲ್ ಅಪ್‌ಲೋಡ್ ದೋಷ, ಸೋರಿಹೋದ ಎಸ್‌ಎಸ್‌ಎಚ್ ಕೀ, ಬಿಲ್ಡ್ ಸರ್ವರ್‌ನಲ್ಲಿ ಇನ್‌ಸ್ಟಾಲ್ ಆದ ಒಂದು ಕೆಟ್ಟ ಪ್ಯಾಕೇಜ್. ವೆಬ್ ಸರ್ವರ್ ಓಡುವ ಬಡಪಾಯಿ ಯೂಸರ್ ಕೂಡ ಲೋಕಲ್ ಯೂಸರೇ.

ಪೌನ್‌ಕಿಟ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೆಮೊರಿ ಕರಪ್ಶನ್ (ಪ್ರೋಗ್ರಾಂ ತನ್ನ ಗಡಿ ದಾಟಿ ಮೆಮೊರಿ ಕೆಡಿಸುವ ದೋಷ) ಅಂದರೆ ಅಡ್ರೆಸ್ ಊಹಿಸುತ್ತಾ, ಹತ್ತು ಸಲ ಕ್ರ್ಯಾಶ್ ಮಾಡಿಸಿ ಒಂದು ಸಲ ಗೆಲ್ಲುವ ಆಟ ಅಂತ ಅಂದುಕೊಂಡವರಿಗಂತೂ ಇದು ಪಾಠ. ಇದರ ಸಿವಿಇ (ಬಯಲಾದ ದೋಷಗಳ ಸಾರ್ವಜನಿಕ ಪಟ್ಟಿ) ಸಂಖ್ಯೆ 2021-4034. ಪೋಲ್‌ಕಿಟ್‌ನ ಪಿಕೆಎಕ್ಸೆಕ್ ಅನ್ನೋ ಸೆಟ್‌ಯುಐಡಿ (ಯಾರು ಓಡಿಸಿದರೂ ಫೈಲ್‌ನ ಮಾಲೀಕನ, ಇಲ್ಲಿ ರೂಟ್‌ನ, ಅಧಿಕಾರದಲ್ಲಿ ಓಡುವ) ಪ್ರೋಗ್ರಾಂನ ಮೊದಲ ಆವೃತ್ತಿಯ ಜೊತೆಗೇ 2009ರ ಮೇ ತಿಂಗಳಲ್ಲಿ ಹುಟ್ಟಿದ ದೋಷ. ಭದ್ರತಾ ಕಂಪನಿ ಕ್ವಾಲಿಸ್ ಅದನ್ನು ಬಯಲು ಮಾಡಿದ್ದು 2022ರ ಜನವರಿ 25ರಂದು. ಡೆಸ್ಕ್‌ಟಾಪ್ ಇಲ್ಲದ ಸರ್ವರ್‌ಗಳಲ್ಲೂ ಬೇರೆ ಪ್ಯಾಕೇಜ್‌ಗಳ ಬೆನ್ನಿಗೆ ಅಂಟಿಕೊಂಡು ಪೋಲ್‌ಕಿಟ್ ಬಂದು ಕೂತಿರುತ್ತದೆ.

ಪ್ರೋಗ್ರಾಂ ಶುರುವಾದಾಗ ಸ್ಟ್ಯಾಕ್ ಅನ್ನೋ ಮೆಮೊರಿ ಭಾಗದಲ್ಲಿ ಮೊದಲು ಆರ್ಗ್ಯುಮೆಂಟ್‌ಗಳ (ಕಮಾಂಡಿನ ಜೊತೆ ಕೊಟ್ಟ ಪದಗಳ) ಪಾಯಿಂಟರ್ ಪಟ್ಟಿ, ಮುಗಿಯಿತು ಅಂತ ಹೇಳಲು ಕೊನೆಗೊಂದು ನಲ್, ಅದಕ್ಕೆ ತಾಗಿಕೊಂಡೇ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳ (‘ಹೆಸರು=ಬೆಲೆ’ ರೂಪದ ಸೆಟ್ಟಿಂಗ್‌ಗಳ) ಪಟ್ಟಿ. ಪ್ರೋಗ್ರಾಂನ ಹೆಸರೇ ಸೊನ್ನೆಯ ಆರ್ಗ್ಯುಮೆಂಟ್ ಆದ್ದರಿಂದ ಕನಿಷ್ಠ ಒಂದಾದರೂ ಇದ್ದೇ ಇರುತ್ತದೆ ಅಂತ ಪಿಕೆಎಕ್ಸೆಕ್ ನಂಬಿತ್ತು. ಆದರೆ ಖಾಲಿ ಪಟ್ಟಿ ಕೊಟ್ಟು ಪ್ರೋಗ್ರಾಂ ಓಡಿಸಲು ಲಿನಕ್ಸ್ ಆಗ ಬಿಡುತ್ತಿತ್ತು. ಆರ್ಗ್ಯುಮೆಂಟ್‌ಗಳನ್ನು ಓದುವ ಲೂಪ್ 1ರಿಂದ ಶುರು, ಅವುಗಳ ಎಣಿಕೆ 0, ಹಾಗಾಗಿ ಲೂಪ್ ಒಂದು ಸುತ್ತೂ ಓಡುವುದಿಲ್ಲ, ಸೂಚ್ಯಂಕ 1ರಲ್ಲೇ ನಿಲ್ಲುತ್ತದೆ. ಆ ಜಾಗದಲ್ಲಿ ಇರುವುದು ಆರ್ಗ್ಯುಮೆಂಟ್ ಅಲ್ಲ, ಮೊದಲ ಎನ್ವಿರಾನ್‌ಮೆಂಟ್ ವೇರಿಯೇಬಲ್. ಪಿಕೆಎಕ್ಸೆಕ್ ಅದನ್ನೇ ಓಡಿಸಬೇಕಾದ ಕಮಾಂಡಿನ ಹೆಸರು ಅಂತ ಓದಿಕೊಂಡು, ಪಾತ್‌ನಲ್ಲಿ (ಕಮಾಂಡ್‌ಗಳಿರುವ ಡೈರೆಕ್ಟರಿಗಳ ಪಟ್ಟಿಯಲ್ಲಿ) ಹುಡುಕಿ, ಸಿಕ್ಕ ಪೂರ್ಣ ಹೆಸರನ್ನು ಅದೇ ಜಾಗಕ್ಕೆ ತಿರುಗಿ ಬರೆಯುತ್ತದೆ. ಓದಿದ್ದೂ ಗಡಿಯಾಚೆ, ಬರೆದದ್ದೂ ಗಡಿಯಾಚೆ.

ಈಗ ಮಜಾ ಇರುವುದು ಇಲ್ಲಿ. ಸೆಟ್‌ಯುಐಡಿ ಪ್ರೋಗ್ರಾಂ ಶುರುವಾಗುವ ಮೊದಲು ಡೈನಾಮಿಕ್ ಲೋಡರ್ (ಲೈಬ್ರರಿಗಳನ್ನು ಜೋಡಿಸುವ ಭಾಗ) ಅಪಾಯಕಾರಿ ವೇರಿಯೇಬಲ್‌ಗಳನ್ನೆಲ್ಲ ಕಿತ್ತುಹಾಕಿರುತ್ತದೆ. ಆದರೆ ಈ ಬರಹ ನಡೆಯುವುದು ಆ ಜರಡಿ ಆದ ಮೇಲೆ. ಡೈರೆಕ್ಟರಿಯ ಹೆಸರಿನೊಳಗೇ ಸಮ ಚಿಹ್ನೆ ಇಟ್ಟರೆ, ಸಿಕ್ಕ ಪೂರ್ಣ ಹೆಸರೇ ಒಂದು ಹೊಸ ವೇರಿಯೇಬಲ್‌ನಂತೆ ಕೂರುತ್ತದೆ. ಆಮೇಲೆ ಪಿಕೆಎಕ್ಸೆಕ್‌ಗೆ ಒಂದು ಎರರ್ ಮೆಸೇಜ್ ಮುದ್ರಿಸುವ ಸಂದರ್ಭ ತಂದಿಟ್ಟರೆ ಸಾಕು. ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಲ್ಲದಿದ್ದರೆ ಅಕ್ಷರ ಪರಿವರ್ತನೆಯ ಲೈಬ್ರರಿ ಬೇಕಾಗುತ್ತದೆ, ಅದನ್ನು ಎಲ್ಲಿಂದ ತರಬೇಕು ಅಂತ ಹೇಳುವುದು ಜಿಕಾನ್ವ್ ಪಾತ್ ವೇರಿಯೇಬಲ್. ದಾಳಿಕೋರನ ಲೈಬ್ರರಿ ರೂಟ್ ಆಗಿ ಲೋಡ್ ಆಗುತ್ತದೆ. ಅಡ್ರೆಸ್ ಊಹಿಸಬೇಕಿಲ್ಲ, ಆದ್ದರಿಂದ ಅಡ್ರೆಸ್‌ಗಳನ್ನು ಪ್ರತಿ ಸಲ ಕಲಸುವ ರಕ್ಷಣೆ ಎಎಸ್‌ಎಲ್‌ಆರ್ ಕೆಲಸಕ್ಕೆ ಬಾರದು. ರಿಟರ್ನ್ ಅಡ್ರೆಸ್ ಮುಟ್ಟಿಲ್ಲ, ಆದ್ದರಿಂದ ಅದನ್ನು ಕಾಯುವ ಸ್ಟ್ಯಾಕ್ ಕ್ಯಾನರಿಯೂ ಸುಮ್ಮನೆ ನೋಡುತ್ತಿರುತ್ತದೆ. ಪ್ರೊಸೆಸರ್ ಯಾವುದಾದರೂ ಅದೇ ಕತೆ. ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಕರ್ನಲ್ ಖಾಲಿ ಆರ್ಗ್ಯುಮೆಂಟ್ ಪಟ್ಟಿಯನ್ನು ಬಾಗಿಲಲ್ಲೇ ತಡೆಯುತ್ತದೆ, ಅಲ್ಲಿ ಈ ಆಟ ನಡೆಯದು. ಲಿನಕ್ಸ್‌ಗೆ ಇಷ್ಟು ಬುದ್ಧಿ ಬಂದಿದ್ದು ಕರ್ನಲ್ ಆವೃತ್ತಿ 5.18ರಲ್ಲಿ, ಪಟ್ಟಿ ಖಾಲಿ ಇದ್ದರೆ ಒಂದು ಖಾಲಿ ಸ್ಟ್ರಿಂಗ್ ತುಂಬುವ ಮೂಲಕ.

ಇಂಥದ್ದನ್ನು ಮುಂದೂಡಲು ಸಾಮಾನ್ಯವಾಗಿ ಕೊಡುವ ನೆಪ ‘ಡೌನ್‌ಟೈಮ್ ಬೇಕು’. ಕರ್ನಲ್ ದೋಷವಾದರೆ ಸರಿ, ರೀಬೂಟ್ ಅಥವಾ ಲೈವ್ ಪ್ಯಾಚ್ (ಓಡುತ್ತಿರುವ ಕರ್ನಲ್‌ಗೇ ಹಾಕುವ ತೇಪೆ) ಬೇಕು. ಪಿಕೆಎಕ್ಸೆಕ್, ಸುಡೋ ಇಂಥವಕ್ಕೆ ರೀಬೂಟ್ ಯಾಕೆ? ಪ್ಯಾಕೇಜ್ ಬದಲಾದರೆ ಮುಂದಿನ ಸಲ ಓಡುವುದು ಹೊಸ ಫೈಲೇ. ಇನ್ನೊಂದು ಎಡವಟ್ಟು, ಆವೃತ್ತಿ ಸಂಖ್ಯೆ ನೋಡಿ ತೀರ್ಮಾನಿಸುವುದು. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಎಲ್ಲವೂ ಹಳೇ ಆವೃತ್ತಿಗೇ ತೇಪೆ ಹಾಕಿ ಕೊಡುತ್ತವೆ, ಹಾಗಾಗಿ ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ ಇದೆಯಾ ನೋಡಿ.

ಆದರೆ ಬರೀ ಪ್ಯಾಚ್ ನಂಬಿ ಕೂರುವುದೂ ನನಗೆ ಒಪ್ಪಿಗೆಯಿಲ್ಲ. ಸುಡೋದ ಬ್ಯಾರನ್ ಸಮೆಡಿಟ್ ದೋಷ 2011ರ ಜುಲೈಯಿಂದ ಇತ್ತು, ಸಿಕ್ಕಿದ್ದು 2021ರಲ್ಲಿ. ಮುಂದಿನದು ಈಗಲೇ ಎಲ್ಲೋ ಕೂತಿರುತ್ತದೆ. ಫೈಂಡ್ ಕಮಾಂಡಿಗೆ ಪರ್ಮಿಷನ್ ಮೈನಸ್ 4000 ಕೊಟ್ಟು ಸೆಟ್‌ಯುಐಡಿ ಬಿಟ್ (ಗುರುತು) ಇರುವ ಫೈಲ್‌ಗಳನ್ನು ಪ್ರತಿ ಫೈಲ್‌ಸಿಸ್ಟಂನಲ್ಲೂ ಹುಡುಕಿ, ಬಂದ ಪಟ್ಟಿಯ ಒಂದೊಂದನ್ನೂ ‘ಇದು ಈ ಸರ್ವರ್‌ಗೆ ಯಾಕೆ’ ಅಂತ ಕೇಳಿ. ಸುಡೋ ಇರುವಾಗ ಪಿಕೆಎಕ್ಸೆಕ್ ಯಾಕೆ? ಎಲ್ಲರೂ ಕೀ ಹಾಕಿ ಲಾಗಿನ್ ಆಗುವ ಯಂತ್ರದಲ್ಲಿ ಸಿಎಚ್‌ಎಫ್‌ಎನ್, ಸಿಎಚ್‌ಎಸ್‌ಎಚ್ (ಯೂಸರ್ ತನ್ನ ಹೆಸರಿನ ವಿವರ, ಲಾಗಿನ್ ಶೆಲ್ ಬದಲಿಸಿಕೊಳ್ಳುವ ಕಮಾಂಡ್‌ಗಳು) ಯಾರಿಗೆ ಬೇಕು? ಬೇಡವಾದದ್ದಕ್ಕೆ ಸಿಎಚ್‌ಮಾಡ್ 0755 ಕೊಟ್ಟು ಆ ಬಿಟ್ ತೆಗೆಯಿರಿ. ಡೆಬಿಯನ್ ಬಳಗದಲ್ಲಿ ಇದನ್ನು ಡಿಪಿಕೆಜಿ ಸ್ಟ್ಯಾಟ್‌ಓವರ್‌ರೈಡ್ ಮೂಲಕವೇ ಮಾಡಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್ ಸೆಟ್‌ಯುಐಡಿ ಬಿಟ್ ಅನ್ನು ಸದ್ದಿಲ್ಲದೆ ವಾಪಸ್ ಹಾಕಿಬಿಡುತ್ತದೆ.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ನೋ ನ್ಯೂ ಪ್ರಿವಿಲೆಜಸ್ ಸೆಟ್ಟಿಂಗ್. ವೆಬ್ ಸರ್ವರ್‌ನ ಯೂನಿಟ್‌ನಲ್ಲೂ (ಸರ್ವಿಸ್‌ನ ಸೆಟ್ಟಿಂಗ್ ಫೈಲ್), ಪಿಎಚ್‌ಪಿ ಬೇರೆ ಯೂನಿಟ್‌ನಲ್ಲಿ ಓಡುತ್ತಿದ್ದರೆ ಅಲ್ಲೂ ಅದನ್ನು ‘ಯೆಸ್’ ಮಾಡಿದರೆ, ಆ ಪ್ರಾಸೆಸ್ ಮತ್ತು ಅದರ ಮಕ್ಕಳು ಮರಿಗಳಿಗೆಲ್ಲ ಸೆಟ್‌ಯುಐಡಿ ಬಿಟ್‌ಗೆ ಬೆಲೆಯೇ ಇಲ್ಲ, ಒಮ್ಮೆ ಹಾಕಿದ್ದನ್ನು ತೆಗೆಯುವಂತೆಯೂ ಇಲ್ಲ. ವೆಬ್ ಶೆಲ್‌ನಿಂದ (ದಾಳಿಕೋರ ಸೈಟ್‌ಗೆ ತುರುಕಿದ ಕಮಾಂಡ್ ಓಡಿಸುವ ಪುಟ) ಪೌನ್‌ಕಿಟ್ ಓಡಿಸಿದರೂ ಪಿಕೆಎಕ್ಸೆಕ್ ಅದೇ ಬಡಪಾಯಿ ಯೂಸರ್ ಆಗಿ ಓಡುತ್ತದೆ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನಲ್ಲಿ ಅಲೋ ಪ್ರಿವಿಲೆಜ್ ಎಸ್ಕಲೇಶನ್ ಅನ್ನು ‘ಫಾಲ್ಸ್’ ಮಾಡುವುದೂ ಇದೇ ಕೆಲಸ. ಕರ್ನಲ್‌ನಲ್ಲೇ ಇರುವ ಡರ್ಟಿ ಪೈಪ್‌ನಂಥ ದೋಷಕ್ಕೆ ಇದು ಮದ್ದಲ್ಲ, ಅಲ್ಲಿ ಪ್ಯಾಚ್ ಒಂದೇ ದಾರಿ.

ನೋ ನ್ಯೂ ಪ್ರಿವಿಲೆಜಸ್ ಹಾಕಿದ ಮೇಲೆ ಮೊದಲು ಕೆಡುವುದು ಮೇಲ್. ಪಿಎಚ್‌ಪಿಯ ಮೇಲ್ ಫಂಕ್ಷನ್ ಸೆಂಡ್‌ಮೇಲ್ ಕರೆಯುತ್ತದೆ, ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಆಗಿದ್ದರೆ ಅದು ಪೋಸ್ಟ್‌ಡ್ರಾಪ್ ಕರೆಯುತ್ತದೆ, ಪೋಸ್ಟ್‌ಡ್ರಾಪ್ ನಿಂತಿರುವುದು ಸೆಟ್‌ಜಿಐಡಿ (ಸೆಟ್‌ಯುಐಡಿಯಂಥದ್ದೇ, ಆದರೆ ಗುಂಪಿನ ಅಧಿಕಾರ ಕೊಡುವ ಬಿಟ್) ಮೇಲೆ. ಪರ್ಮಿಷನ್ ಸಿಗದೆ ಮೇಲ್‌ಗಳು ಕ್ಯೂಗೇ ಬೀಳುವುದಿಲ್ಲ. ಆಗ ಗಾಬರಿಯಾಗಿ ಸೆಟ್ಟಿಂಗ್ ತೆಗೆಯಬೇಡಿ, ಅಪ್ಲಿಕೇಶನ್‌ನಿಂದ ಅದೇ ಯಂತ್ರದ 25ನೇ ಪೋರ್ಟಿಗೆ ಎಸ್‌ಎಂಟಿಪಿ ಮೂಲಕ ಕಳಿಸಿ.