ಮೀನು ಹುಡುಕುವ ಮುಂಚೆ ತಳ ನೋಡಿ

ಫಿಶ್ ಫೈಂಡರ್, ಅಂದರೆ ನೀರಿನೊಳಗೆ ಸದ್ದು ಬಿಟ್ಟು ಮೀನು, ತಳ ತೋರಿಸುವ ಯಂತ್ರ, ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, ಇದರಲ್ಲಿ ಮೀನು ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ. ನನ್ನ ಪ್ರಕಾರ ಅದು ಆಮೇಲೆ ಕೇಳಬೇಕಾದ ಪ್ರಶ್ನೆ. ನೀರಿನ ತಳ ಹೇಗಿದೆ ಅಂತ ಇದು ಎಷ್ಟು ಸರಿಯಾಗಿ ಹೇಳುತ್ತದೆ, ಅದು ಹೇಳಿದ್ದನ್ನು ಪಕ್ಕದ ಚಾರ್ಟ್ ಪ್ಲಾಟರ್ (ಸಮುದ್ರದ ನಕ್ಷೆಯ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ಯಂತ್ರ) ಎಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ, ಪ್ಯೂಜೆಟ್ ಸೌಂಡ್ ಅನ್ನುವ ಒಳಸಮುದ್ರದ ದಡದಲ್ಲಿ. ಊರು ಉಡುಪಿ ಕಡೆ. ಮಲ್ಪೆ ಬಂದರು ನೋಡಿಕೊಂಡೇ ಬೆಳೆದವನು. ಮಲ್ಪೆಯ ಬೋಟುಗಳಲ್ಲೂ ಇದೇ ಯಂತ್ರ, ಇಲ್ಲಿ ವಾರಾಂತ್ಯಕ್ಕೆ ಗಾಳ ಹಾಕಲು ಹೋಗುವವರ ಸಣ್ಣ ದೋಣಿಗಳಲ್ಲೂ ಇದೇ ಯಂತ್ರ. ಬಳಸುವ ರೀತಿ ಮಾತ್ರ ತುಂಬಾ ಬೇರೆ. ಒಂದು ವಿಷಯದಲ್ಲಿ ಮಲ್ಪೆಯವರು ಮುಂದೆ, ಇನ್ನೊಂದರಲ್ಲಿ ಇಲ್ಲಿಯವರು ಮುಂದೆ ಅಂತ ನನಗೆ ಅನಿಸುತ್ತದೆ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ದೋಣಿಯ ಅಡಿಯಲ್ಲೋ ಹಿಂಬದಿಯಲ್ಲೋ ಕೂರಿಸಿದ ಟ್ರಾನ್ಸ್‌ಡ್ಯೂಸರ್ ಕೆಳಕ್ಕೆ ಸದ್ದು ಬಿಡುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 1500 ಮೀಟರ್ ಓಡುತ್ತದೆ. 120 ಅಡಿ ಆಳದ ತಳಕ್ಕೆ ಹೋಗಿ ವಾಪಸ್ ಬರಲು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಆ ಹೊತ್ತನ್ನು ಅಳೆದು ಆಳ ಹೇಳುತ್ತದೆ. ಸದ್ದು ಕೆಳಗೆ ಹೋದಂತೆ ಹರಡುತ್ತಾ ಹೋಗುತ್ತದೆ. 200 ಕಿಲೋಹರ್ಟ್ಜ್‌ನ (ಕಿಲೋಹರ್ಟ್ಜ್ ಅಂದರೆ ಸದ್ದಿನ ಕಂಪನದ ಅಳತೆ) 12 ಡಿಗ್ರಿ ಕಿರಣ 120 ಅಡಿ ಆಳದ ತಳದಲ್ಲಿ ಸುಮಾರು 25 ಅಡಿ ಅಗಲದ ವೃತ್ತವನ್ನು ಮಾತ್ರ ಮುಟ್ಟುತ್ತದೆ. 50 ಕಿಲೋಹರ್ಟ್ಜ್‌ನ 45 ಡಿಗ್ರಿ ಕಿರಣ ಆದರೆ ಅದೇ ಆಳದಲ್ಲಿ 100 ಅಡಿ ಅಗಲ. ಮೊದಲನೆಯದು ಚುರುಕು, ವಿವರ ಜಾಸ್ತಿ. ಎರಡನೆಯದು ಹೆಚ್ಚು ಆಳಕ್ಕೆ ಹೋಗುತ್ತದೆ, ಆದರೆ ಎಲ್ಲವನ್ನೂ ಕಲಸಿ ತೋರಿಸುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಪರದೆಯ ಮೇಲೆ ಕಾಣುವುದು ದೋಣಿಯ ಮುಂದೆ ಇರುವುದಲ್ಲ, ಸುತ್ತ ಇರುವುದೂ ಅಲ್ಲ. ಬಲ ಅಂಚಿನ ಒಂದು ಗೆರೆ ಮಾತ್ರ ಈ ಕ್ಷಣದ್ದು, ಉಳಿದದ್ದೆಲ್ಲ ಆಗಲೇ ದಾಟಿ ಬಂದ ಜಾಗ. ಲಂಗರು ಹಾಕಿ ನಿಂತರೂ ಚಿತ್ರ ಎಡಕ್ಕೆ ಸರಿಯುತ್ತಲೇ ಇರುತ್ತದೆ, ಕೆಳಗೆ ಒಂದೇ ಮೀನು ಅಲುಗಾಡದೆ ನಿಂತಿದ್ದರೆ ಅದು ಉದ್ದದ ಹಾವಿನಂತೆ ಕಾಣುತ್ತದೆ. ದೋಣಿ ಚಲಿಸುವಾಗ ಮೀನು ಪರದೆಯಲ್ಲಿ ಕಮಾನಿನ ಆಕಾರದಲ್ಲಿ ಕಾಣುವುದು ಯಾಕೆ ಅಂದರೆ, ದೋಣಿ ಹತ್ತಿರ ಬರುವಾಗ ಮೀನಿಗಿರುವ ದೂರ ಕಡಿಮೆಯಾಗುತ್ತದೆ, ದಾಟಿದ ಮೇಲೆ ಮತ್ತೆ ಹೆಚ್ಚಾಗುತ್ತದೆ. ಅಷ್ಟೇ. ಕಮಾನು ಎಷ್ಟು ಉದ್ದ ಅನ್ನುವುದಕ್ಕೂ ಮೀನು ಎಷ್ಟು ದೊಡ್ಡದು ಅನ್ನುವುದಕ್ಕೂ ಸಂಬಂಧ ಕಡಿಮೆ, ದೋಣಿಯ ವೇಗಕ್ಕೆ ಸಂಬಂಧ ಜಾಸ್ತಿ.

ಚಾರ್ಟ್ ಪ್ಲಾಟರ್ ಬೇಕಾಗುವುದು ಇದಕ್ಕೇ. 5 ನಾಟ್ ವೇಗದಲ್ಲಿ ಹೋಗುತ್ತಿದ್ದರೆ 10 ಸೆಕೆಂಡಿಗೆ 25 ಮೀಟರ್ ಮುಂದೆ ಹೋಗಿರುತ್ತೀರಿ. ಒಳ್ಳೆ ಕಲ್ಲಿನ ದಿಬ್ಬ ಕಂಡಿತು, ಪಕ್ಕದವರಿಗೆ ತೋರಿಸಿದಿರಿ, ಆಮೇಲೆ ಗುರುತು ಹಾಕಿದಿರಿ ಅಂದರೆ ಆ ಗುರುತು ದಿಬ್ಬದ ಮೇಲಿಲ್ಲ. ಸೋನಾರ್ (ಅಂದರೆ ಈ ಫಿಶ್ ಫೈಂಡರ್) ಮತ್ತು ಪ್ಲಾಟರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಪರದೆಯನ್ನು ಎರಡು ಭಾಗ ಮಾಡಿಕೊಂಡು, ಸೋನಾರ್ ಚಿತ್ರದಲ್ಲಿ ಹಿಂದಕ್ಕೆ ಬೆರಳಿಟ್ಟು ಆ ದಿಬ್ಬದ ಮೇಲೇ ವೇಪಾಯಿಂಟ್, ಅಂದರೆ ಜಾಗದ ಗುರುತು, ಹಾಕಬಹುದು. ನಕ್ಷೆಯಲ್ಲಿ ಅದು ಸರಿಯಾದ ಜಾಗದಲ್ಲಿ ಕೂರುತ್ತದೆ. ನನ್ನ ಮಟ್ಟಿಗೆ ಇಡೀ ಜೋಡಿಯಲ್ಲಿ ದುಡ್ಡು ಕೊಡಲು ಲಾಯಕ್ಕಾದ ಸೌಲಭ್ಯ ಅಂದರೆ ಇದೊಂದೇ. ಮೀನಿನ ಚಿಕ್ಕ ಚಿಕ್ಕ ಚಿತ್ರ ತೋರಿಸಿ ಟುಂಯ್ ಅಂತ ಸದ್ದು ಮಾಡುವ ಸೆಟ್ಟಿಂಗ್ ಇರುತ್ತದಲ್ಲ, ಅದನ್ನು ಮೊದಲ ದಿನವೇ ಆಫ್ ಮಾಡಿ. ಪಾಚಿಯ ತುಂಡು, ಗಾಳಿಗುಳ್ಳೆ ಎಲ್ಲವೂ ಅದಕ್ಕೆ ಮೀನೇ.

ಬೇರೆ ಬೇರೆ ಕಂಪನಿಯ ಎರಡು ಪೆಟ್ಟಿಗೆ ಕೊಳ್ಳುವವರಿಗೆ ಒಂದು ಮಾತು. ದೋಣಿಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಎನ್‌ಎಂಇಎ 2000 ಕೇಬಲ್ ಹಾಕಿದರೆ ಎಲ್ಲವೂ ಮಾತಾಡುತ್ತವೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಮಾತಾಡುತ್ತವೆ ನಿಜ, ಆದರೆ ಆ ಕೇಬಲ್‌ನಲ್ಲಿ ಹೋಗುವುದು ಆಳದ ಅಂಕಿ, ನೀರಿನ ಉಷ್ಣತೆ, ಸ್ಥಾನ, ವೇಗ ಇಂಥವು ಮಾತ್ರ. ಸೋನಾರ್ ಚಿತ್ರ ಅದರಲ್ಲಿ ಹೋಗುವುದಿಲ್ಲ. ಚಿತ್ರ ಬೇಕಾದರೆ ಟ್ರಾನ್ಸ್‌ಡ್ಯೂಸರ್ ನೇರವಾಗಿ ಆ ಪ್ಲಾಟರಿಗೇ ಸೇರಬೇಕು, ಇಲ್ಲವೇ ಅದೇ ಕಂಪನಿಯ ನೆಟ್‌ವರ್ಕ್ ಇರಬೇಕು. ನನ್ನ ಪರಿಚಯದವರೊಬ್ಬರ ದೋಣಿಯಲ್ಲಿ ಪ್ಲಾಟರಿನ ಮೂಲೆಯಲ್ಲಿ ಆಳದ ಅಂಕಿ ಬರುತ್ತಿತ್ತು, ಚಿತ್ರ ಮಾತ್ರ ಬೇರೆ ಪರದೆಯಲ್ಲಿ, ಅದೂ ಕೂತ ಜಾಗದಿಂದ ಕಾಣದ ಕಡೆ. ಒಂದೇ ಪೆಟ್ಟಿಗೆ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ.

ಈಗ ಇಲ್ಲಿಯ ಮೀನಿನ ವಿಷಯ. ಪ್ಯೂಜೆಟ್ ಸೌಂಡಿನ ಕಲ್ಲುತಳದಲ್ಲಿ ಎರಡು ಜಾತಿ ಮುಖ್ಯ, ಲಿಂಗ್‌ಕಾಡ್ ಮತ್ತು ರಾಕ್‌ಫಿಶ್. ರಾಕ್‌ಫಿಶ್ ಹೊಟ್ಟೆಯಲ್ಲಿ ಗಾಳಿಚೀಲ ಇದೆ. ಸೋನಾರಿನ ಸದ್ದು ಮೀನಿನ ಮಾಂಸಕ್ಕಿಂತ ಈ ಗಾಳಿಗೆ ಬಡಿದೇ ಜೋರಾಗಿ ವಾಪಸ್ ಬರುವುದು. ಹಾಗಾಗಿ ರಾಕ್‌ಫಿಶ್ ಪರದೆಯಲ್ಲಿ ಎದ್ದು ಕಾಣುತ್ತದೆ. ಲಿಂಗ್‌ಕಾಡ್‌ಗೆ ಗಾಳಿಚೀಲವೇ ಇಲ್ಲ. ಮೇಲಾಗಿ ಅದು ಕಲ್ಲಿನ ಸಂದಿಗೆ ಅಂಟಿಕೊಂಡು ಮಲಗಿರುತ್ತದೆ. ಇಳಿಜಾರು ಕಲ್ಲಾದರೆ ಕಿರಣದೊಳಗಿನ ಅತಿ ಎತ್ತರದ ಭಾಗವೇ ಮೊದಲು ಪ್ರತಿಧ್ವನಿ ಕೊಡುತ್ತದೆ, ಯಂತ್ರ ಅದನ್ನೇ ತಳ ಅಂತ ಬರೆಯುತ್ತದೆ, ಅದರ ಮರೆಯಲ್ಲಿರುವ ಮೀನು ಕಾಣುವುದೇ ಇಲ್ಲ.

ಪ್ಯೂಜೆಟ್ ಸೌಂಡಿನಲ್ಲಿ ರಾಕ್‌ಫಿಶ್ ಇಟ್ಟುಕೊಳ್ಳುವಂತಿಲ್ಲ. ಎಲೋ ಐ, ಬೊಕಾಚಿಯೋ ಅನ್ನುವ ರಾಕ್‌ಫಿಶ್‌ಗಳು 2010ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾನೂನಿನ ಪಟ್ಟಿಯಲ್ಲಿವೆ. ಇಟ್ಟುಕೊಳ್ಳಬಹುದಾದದ್ದು ಲಿಂಗ್‌ಕಾಡ್, ಅದೂ ಹೆಚ್ಚಿನ ಭಾಗಗಳಲ್ಲಿ ಮೇ 1ರಿಂದ ಜೂನ್ 15ರವರೆಗೆ, ದಿನಕ್ಕೆ ಒಂದು, 26ರಿಂದ 36 ಇಂಚಿನೊಳಗೆ ಇದ್ದರೆ ಮಾತ್ರ. ಅಂದರೆ ಯಂತ್ರದಲ್ಲಿ ಚೆನ್ನಾಗಿ ಕಾಣುವ ಮೀನನ್ನು ನೀವು ಹಿಡಿಯಬಾರದು, ಹಿಡಿಯಬಹುದಾದ ಮೀನು ಯಂತ್ರಕ್ಕೆ ಕಾಣುವುದಿಲ್ಲ. ಕಮಾನು ಹುಡುಕಿಕೊಂಡು ಹೋಗುವವರು ಇಲ್ಲಿ ರಾಕ್‌ಫಿಶ್ ಹಿಂಡಿನ ಮೇಲೇ ಗಾಳ ಇಳಿಸುತ್ತಾರೆ. ಆಳದಿಂದ ಮೇಲೆ ಎಳೆದಾಗ ಒತ್ತಡ ಇಳಿದು ಅದೇ ಗಾಳಿಚೀಲ ಉಬ್ಬುತ್ತದೆ, ಕಣ್ಣು ಹೊರಗೆ ಬರುತ್ತದೆ, ಹೊಟ್ಟೆ ಬಾಯಿಂದ ಹೊರಚಾಚುತ್ತದೆ. ನೀರಿಗೆ ಬಿಟ್ಟರೂ ಮುಳುಗಲಾರದೆ ಮೇಲೇ ತೇಲುತ್ತಾ ಒದ್ದಾಡುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅದಕ್ಕೇ ತಳದ ಮೀನು ಹಿಡಿಯಲು ಹೋಗುವ ಪ್ರತಿ ದೋಣಿಯಲ್ಲೂ ಮೀನನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವ ಸಾಧನ ಇರಲೇಬೇಕು ಅಂತ ವಾಷಿಂಗ್ಟನ್ ರಾಜ್ಯದ ನಿಯಮ.

ಅದಕ್ಕಿಂತ ನನಗೆ ಹಿಡಿಸಿದ ನಿಯಮ ಇನ್ನೊಂದು. ತಳದ ಮೀನಿಗಾಗಿ 120 ಅಡಿಗಿಂತ ಆಳದಲ್ಲಿ ಗಾಳ ಹಾಕುವಂತಿಲ್ಲ. ನಮ್ಮ ಕಡೆಯ ಹಳಬರ ಲೆಕ್ಕದಲ್ಲಿ 20 ಮಾರು. ನಿಯಮವೇ ಆಳದ ಅಂಕಿಯಲ್ಲಿ ಇರುವುದರಿಂದ ಸೋನಾರ್ ಮೀನು ಹಿಡಿಯುವ ಸಾಧನ ಆಗಿರುವಷ್ಟೇ ನಿಲ್ಲಿಸುವ ಸಾಧನವೂ ಆಗುತ್ತದೆ. ಪ್ಲಾಟರಿನಲ್ಲಿ 120 ಅಡಿಯಾಚೆಗೆ ಬೇರೆ ಬಣ್ಣ ಹಾಕಿಕೊಳ್ಳಬಹುದು, ಆಳ ಮೀರಿದರೆ ಅಲಾರಂ ಹೊಡೆಯುವಂತೆ ಇಡಬಹುದು. ಗಾಳಿಗೆ, ಸೆಳೆತಕ್ಕೆ ದೋಣಿ ಆಳದ ಕಡೆ ಸರಿಯಿತೋ, ಕೂಗುತ್ತದೆ, ಗಾಳ ಮೇಲೆತ್ತಿ ವಾಪಸ್ ಬರುತ್ತೀರಿ. ಒಂದು ಎಚ್ಚರ ಬೇಕು. ಇಲ್ಲಿಯ ನಕ್ಷೆಯಲ್ಲಿ ಬರೆದ ಆಳ ಇಳಿತದ ಕಾಲದ ಸರಾಸರಿ ಮಟ್ಟದಿಂದ ಅಳೆದದ್ದು. ಸಿಯಾಟಲ್‌ನಲ್ಲಿ ಭರತ ಇಳಿತದ ನಡುವೆ ಸುಮಾರು 11 ಅಡಿ ವ್ಯತ್ಯಾಸ. ನಕ್ಷೆಯಲ್ಲಿ 112 ಅಡಿ ಅಂತಿರುವ ಜಾಗ ಭರತ ತುಂಬಿದಾಗ ಸೋನಾರಿನಲ್ಲಿ 120 ದಾಟಿರುತ್ತದೆ. ನಾನು ನಂಬುವುದು ಸೋನಾರಿನ ಅಂಕಿಯನ್ನು.

ಇನ್ನು ಮಲ್ಪೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟಿನ ತಾಂಡೇಲರನ್ನು (ಬೋಟ್ ನಡೆಸುವ ಮುಖ್ಯಸ್ಥರನ್ನು) ನೋಡಿ. ಅವರಿಗೆ ಫಿಶ್ ಫೈಂಡರ್ ಬೇಕಾಗಿರುವುದು ತಳ ಮರಳೋ, ಕೆಸರೋ, ಪಾರೆಯೋ (ಬಂಡೆಯೋ) ಅಂತ ತಿಳಿಯಲು. ಗಟ್ಟಿ ತಳ ದಪ್ಪಗೆ, ಹೊಳೆಯುವ ಗೆರೆಯಾಗಿ ಬರುತ್ತದೆ, ಕೆಳಗೆ ಎರಡನೇ ಪ್ರತಿಧ್ವನಿಯ ಗೆರೆಯೂ ಕಾಣುತ್ತದೆ. ಕೆಸರಾದರೆ ಗೆರೆ ಮಂಕು, ಎರಡನೆಯದು ಇರುವುದೇ ಇಲ್ಲ. ತಳದಲ್ಲಿ ಬಲೆ ಎಳೆಯುವವರಿಗೆ ಇದು ಜೀವನದ ಪ್ರಶ್ನೆ. ಪಾರೆಗೆ, ಮುಳುಗಿದ ಹಡಗಿಗೆ ಬಲೆ ಸಿಕ್ಕಿಕೊಂಡರೆ ಸಾವಿರಾರು ರೂಪಾಯಿ ಹೋಯಿತು, ಬಲೆ ಹೊಲಿಯುತ್ತಾ ಮೀನುಗಾರಿಕೆಯ ದಿನವೂ ಹೋಯಿತು. ಹಾಗಾಗಿ ಬಲೆ ಹರಿದ ಪ್ರತಿ ಜಾಗವೂ ಅವರ ಪ್ಲಾಟರಿನಲ್ಲಿ ಗುರುತಾಗಿ ಕೂರುತ್ತದೆ, ವೈರ್‌ಲೆಸ್‌ನಲ್ಲಿ ಪರಿಚಯದ ಬೋಟಿನವರಿಗೂ ಹೋಗುತ್ತದೆ. ಅನುಭವಸ್ಥ ತಾಂಡೇಲರ ಪ್ಲಾಟರ್ ತೆರೆದರೆ ಕಾಣುವುದು ಕಂಪನಿ ಕೊಟ್ಟ ನಕ್ಷೆಯಲ್ಲ, ವರ್ಷಗಟ್ಟಲೆ ಓಡಾಡಿ ಅವರೇ ಮಾಡಿಕೊಂಡ ಸಮುದ್ರದ ನಕ್ಷೆ. ಇಲ್ಲಿ ಅದಕ್ಕಿಂತ ಎಷ್ಟೋ ದುಬಾರಿ ಯಂತ್ರ ಇಟ್ಟುಕೊಂಡವರ ಪ್ಲಾಟರಿನಲ್ಲಿ ಐದಾರು ಗುರುತು ಇರುತ್ತದೆ, ಅದರಲ್ಲಿ ಒಂದು ದೋಣಿ ಕಟ್ಟುವ ಜಾಗ. ತಳವನ್ನು ಓದಿ ನೆನಪಿಡುವ ವಿಷಯದಲ್ಲಿ ಮಲ್ಪೆಯವರಿಂದ ಇಲ್ಲಿಯವರು ಕಲಿಯುವುದು ತುಂಬಾ ಇದೆ ಅಂತ ನಾನು ಎಲ್ಲರ ಹತ್ತಿರ ಹೇಳುತ್ತಲೇ ಇರುತ್ತೇನೆ.

ಯಂತ್ರದ ಹುಟ್ಟೂ ಅಂಥ ಅನುಭವದಿಂದಲೇ ಆದದ್ದು. ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ ದೋಣಿಗಳಿಗೆ ವಿದ್ಯುತ್ ಕೆಲಸ ಮಾಡಿಕೊಂಡಿದ್ದ ಫುರುನೋ ಸಹೋದರರಿಗೆ, ಮೀನಿರುವ ಕಡೆ ನೀರಿನಿಂದ ಗುಳ್ಳೆ ಏಳುತ್ತದೆ ಅಂತ ಹೇಳಿದ್ದು ಒಬ್ಬ ಹಳೆಯ ಮೀನುಗಾರ. ಆ ಗುಳ್ಳೆಗೆ ಸದ್ದು ಬಡಿದು ವಾಪಸ್ ಬರಬೇಕಲ್ಲ ಅಂತ ಯೋಚಿಸಿ 1948ರಲ್ಲಿ ಅವರು ಮೀನುಗಾರರಿಗಾಗಿ ಫಿಶ್ ಫೈಂಡರ್ ತಂದರು. ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ನೀರಿನ ಬಣ್ಣ, ಹಕ್ಕಿ ಎರಗುವುದು ನೋಡಿ ಬಂಗುಡೆ, ಬೂತಾಯಿ ಹಿಂಡು ಎಲ್ಲಿದೆ ಅಂತ ಹೇಳುವವರು ಇದ್ದರು. ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಉಷ್ಣತೆ ಮತ್ತು ನೀರಿನ ಹಸಿರು ಬಣ್ಣ ನೋಡಿ, ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಅಂತ ಕನ್ನಡದಲ್ಲೂ ಸೂಚನೆ ಕೊಡುತ್ತದೆ. ಅದರಲ್ಲೂ ಆಳ ಹೇಳುತ್ತಾರೆ ನೋಡಿ.

ಆದರೆ ಊರಿನಲ್ಲಿ ನಾವು ಇದೇ ಜಾಣತನವನ್ನು ಮೀನು ಹಿಡಿಯುವುದನ್ನು ನಿಲ್ಲಿಸುವ ಕಡೆಗೆ ತಿರುಗಿಸಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇದೆ, ಅದು ಒಳ್ಳೆಯದೇ. ದಡದ ಹತ್ತಿರದ ನೀರು ನಾಡದೋಣಿಗಳಿಗೆ ಮೀಸಲು ಅಂತಲೂ ಕಾನೂನಿದೆ. ಆ ಗಡಿಯ ಬಗ್ಗೆಯೇ ದಡದಲ್ಲಿ ಜಗಳ, ಬೋಟಿನವರು ಒಳಗೆ ಬಂದರು, ಇಲ್ಲ ಬಂದಿಲ್ಲ ಅಂತ. ಬೋಟಿನಲ್ಲಿ ಪ್ಲಾಟರ್ ಇದೆ, ಆ ಗಡಿಯನ್ನು ಒಂದು ಗೆರೆಯಾಗಿ ಹಾಕಿ, ದಾಟಿದರೆ ಅಲಾರಂ ಬರುವಂತೆ ಮಾಡಲು ತುಂಬಾ ಹೊತ್ತು ಬೇಕಾಗುವುದಿಲ್ಲ. ಮೀನುಗಾರರ ಸಂಘಗಳೇ ಕೂತು ಒಂದು ಫೈಲ್ ಮಾಡಿ, ಎಲ್ಲ ಬೋಟಿಗೂ ಮೆಮೊರಿ ಕಾರ್ಡಿನಲ್ಲಿ ಕೊಟ್ಟರೆ ಯಾರೂ ಯಾರನ್ನೂ ಬೈಯಬೇಕಾಗಿಲ್ಲ. ಪ್ಯೂಜೆಟ್ ಸೌಂಡಿನಲ್ಲಿ ಓರ್ಕಾ ತಿಮಿಂಗಿಲಗಳ ವಿಷಯದಲ್ಲೂ ಅಷ್ಟೇ. ಅವು ಸದ್ದು ಬಿಟ್ಟೇ ಸಾಲ್ಮನ್ ಹುಡುಕುತ್ತವೆ, 50 ಕಿಲೋಹರ್ಟ್ಜ್ ಅವುಗಳ ಕಿವಿಗೆ ಬೀಳುತ್ತದೆ. ಹತ್ತಿರ ಕಂಡರೆ ಸೋನಾರ್ ಆಫ್ ಮಾಡಿ, ಆಗದಿದ್ದರೆ 200ಕ್ಕೆ ಬದಲಿಸಿ ಅನ್ನುವ ಸಲಹೆ ಇದೆ. ಇಲ್ಲಿ ‘ಸದರ್ನ್ ರೆಸಿಡೆಂಟ್’ ಅಂತ ಕರೆಯುವ ಓರ್ಕಾ ಹಿಂಡುಗಳಿಂದ ದೋಣಿಗಳು 1000 ಗಜ ದೂರ ಇರಬೇಕು ಅನ್ನುವುದು 2025ರಿಂದ ಕಾನೂನು.

ಮೀನಿಗಿಂತ ದೊಡ್ಡ ಕಾರಣವೂ ಒಂದಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಮಂದಿಯೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಮನೆಯವರು ಕಾದರು. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಸೋನಾರ್ ಹಾಕಿ ಹುಡುಕಿ, ಮಹಾರಾಷ್ಟ್ರದ ಮಾಲ್ವಣ್ ಆಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದರು. ಬೋಟ್ ಎಲ್ಲಿದೆ ಅನ್ನುವುದು ದಡದಲ್ಲಿರುವವರಿಗೂ ಗೊತ್ತಿರಬೇಕು, ಪ್ಲಾಟರಿನಲ್ಲಿ ದಾಖಲಾದ ಬೋಟಿನ ದಾರಿ ಆ ಪೆಟ್ಟಿಗೆಯೊಳಗೇ ಉಳಿದರೆ ಪೆಟ್ಟಿಗೆಯ ಜೊತೆ ಅದೂ ಮುಳುಗುತ್ತದೆ. ಹೊರಡುವ ಮುಂಚೆ ಎಲ್ಲಿಗೆ, ಯಾವ ಆಳಕ್ಕೆ ಹೋಗುತ್ತೇವೆ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಸಣ್ಣ ದೋಣಿಯವರಿಗೂ ಇದನ್ನೇ ಹೇಳುತ್ತೇನೆ.

ಊರಿನಲ್ಲಿರುವ ತಾಂಡೇಲರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಈ ಮಳೆಗಾಲದಲ್ಲಿ ಬೋಟ್ ದಡದ ಮೇಲೆ ಹಾಕಿದಾಗ ಅಪ್ಪನ ಹತ್ತಿರ ಕೂತು ಪ್ಲಾಟರ್ ಆನ್ ಮಾಡಿ, ಪ್ರತಿ ಗುರುತೂ ಏನು ಅಂತ ಕೇಳಿ ಹೆಸರು ಬರೆಯಿರಿ. ನಂಬರ್ ಮಾತ್ರ ಇದ್ದರೆ ಮುಂದೆ ಯಾರಿಗೂ ಅರ್ಥ ಆಗುವುದಿಲ್ಲ. ಪಾರೆ, ಹಳೆ ಹಡಗು, ಕೆಸರು, ಮರಿ ಮೀನು ಜಾಸ್ತಿ ಇರುವ ಜಾಗ, ಹೀಗೆ. ಆಮೇಲೆ ಎಲ್ಲವನ್ನೂ ಮೆಮೊರಿ ಕಾರ್ಡಿಗೆ ಕಾಪಿ ಮಾಡಿ ಮನೆಯಲ್ಲೊಂದು ಇಡಿ. ಹೆಚ್ಚಿನ ಪ್ಲಾಟರುಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ.